ಪುದಿಯಾಪ್ಲನ ಸಾಕ್ಷಿ

ನಾನು ಚಂದ್ರಗಿರಿ ಹೊಳೆಯ ಈಚೆಯವನು, ಹೆಂಡತಿ ಆಚೆಯವಳು. ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ, ಅಡಕೆ ತೋಟದ ನಡುವೆ. ಮನೆಮಾತು ಹವ್ಯಕ, ಶಾಲೆಯ ಮಾತು ಕನ್ನಡ, ಪೇಟೆಯಲ್ಲಿ ತುಳುವೋ ಮಲಯಾಳವೋ, ಎದುರಿಗೆ ಸಿಕ್ಕಿದವರನ್ನು ನೋಡಿಕೊಂಡು. ಅವಳದು ಚೆಮ್ನಾಡು ಕಡೆಯ ಮಲಯಾಳ ಮಾತನಾಡುವ ಮುಸ್ಲಿಂ ಮನೆ. ಚಂದ್ರಗಿರಿಯಿಂದ ಬಡಗಲಿನ ಭಾಗವನ್ನು ಮೈಸೂರು ರಾಜ್ಯಕ್ಕೆ ಕೊಡಿ ಎಂದು 1967ರಲ್ಲಿ ಮಹಾಜನ್ ಆಯೋಗ ಹೇಳಿತ್ತು. ಕೊಟ್ಟಿದ್ದರೆ ನಮ್ಮದು ಅಂತಾರಾಜ್ಯ ವಿವಾಹವೂ ಆಗುತ್ತಿತ್ತು. ಕೊಡಲಿಲ್ಲ, ಹಾಗಾಗಿ ಬರೀ ಅಂತರ್‌ಧರ್ಮೀಯ.

ವಿದ್ಯಾನಗರದ ಕೋರ್ಟಿನಲ್ಲಿ ನಾನು ವಕೀಲರೊಬ್ಬರ ಗುಮಾಸ್ತ. ಬೇರೆಯವರ ಮದುವೆ, ವಿಚ್ಛೇದನ, ಪಾಲುಪಟ್ಟಿಯ ಕಾಗದ ಕಟ್ಟಿ ಕಟ್ಟಿ ಅಭ್ಯಾಸವಿದ್ದುದರಿಂದ ನನ್ನ ಮದುವೆಯ ಕಾಗದ ಕಷ್ಟವಾಗಲಿಲ್ಲ. 1954ರ ವಿಶೇಷ ವಿವಾಹ ಕಾಯ್ದೆ, ಮೂವತ್ತು ದಿನದ ನೋಟಿಸು, ಮೂವರು ಸಾಕ್ಷಿಗಳು, ಮುಗಿಯಿತು. ಕಚೇರಿಯ ಬೋರ್ಡಿನಲ್ಲಿ ಮಲಯಾಳದಲ್ಲಿ ಅಂಟಿಸಿದ ನೋಟಿಸಿನಲ್ಲಿ ನನ್ನ ಹೆಸರಿನ ಒಂದಕ್ಷರ ತಪ್ಪಿತ್ತು. ಅದು ಅಜ್ಜನ ಹೆಸರು. ಅಜ್ಜನೂ, ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ ಒಂದರಂದು, ಕುಳಿತಲ್ಲಿಂದ ಏಳದೆ ಬೇರೆ ರಾಜ್ಯದವರಾದವರು. ತೋಟ ಅಲ್ಲೇ ಇತ್ತು, ಕೆರೆ ಅಲ್ಲೇ ಇತ್ತು, ತೀರ್ವೆ ಕಟ್ಟುವ ರಶೀದಿಯ ಲಿಪಿ ಮಾತ್ರ ಬೇರೆಯಾಯಿತು. ರಿಜಿಸ್ಟರಿನಲ್ಲಿ ಬದಲಾಗುವುದಕ್ಕೂ ಮನುಷ್ಯ ಬದಲಾಗುವುದಕ್ಕೂ ಇರುವ ಅಂತರವನ್ನು ಕಾಸರಗೋಡಿನ ಕನ್ನಡಿಗನಿಗೆ ಹೊಸದಾಗಿ ಯಾರೂ ಹೇಳಿಕೊಡಬೇಕಾಗಿಲ್ಲ.

ಹೀಗೆ ಮದುವೆಗೆ ಮತ ಬದಲಿಸುವ ಅಗತ್ಯವೇ ಬೀಳಲಿಲ್ಲ. ಪ್ರಶ್ನೆ ಬಂದದ್ದು ಆಮೇಲೆ, ಮಗಳು ಹುಟ್ಟಿ, ಎರಡೂ ಮನೆಯ ಬಾಗಿಲು ಒಂದೊಂದೇ ಗೇಣು ತೆರೆದುಕೊಂಡ ಮೇಲೆ.

ನಮ್ಮ ಕಥೆ ಕೇಳಿದವರೆಲ್ಲ ಮೊದಲು ಎತ್ತುವುದು ಉದ್ಯಾವರದ ಮಾತು. ಮಂಜೇಶ್ವರದ ಉದ್ಯಾವರದಲ್ಲಿ ಅರಸು ಮಂಜಿಷ್ಣಾರ್ ದೈವಗಳ ಕಡೆಯವರು ಜಾತ್ರೆಗೆ ಮೊದಲು ಮಸೀದಿಗೆ ಹೋಗಿ ಜಮಾತಿನವರನ್ನು ಕರೆದು ಬರುತ್ತಾರೆ. ಎಷ್ಟು ಚಂದದ ಪದ್ಧತಿ, ನಿಮಗೆ ಏನು ಕಷ್ಟ ಅಂತ ಕೇಳುತ್ತಾರೆ. ಚಂದವೇ, ಇಲ್ಲ ಎನ್ನುವುದಿಲ್ಲ. ಆದರೆ ದೈವಗಳು ಕರೆ ಹೇಳಿ ತಮ್ಮ ಮಾಡಕ್ಕೆ, ಅಂದರೆ ಗುಡಿಗೆ, ವಾಪಸು ಬರುತ್ತವೆ, ಅಲ್ಲೇ ಸಂಸಾರ ಹೂಡುವುದಿಲ್ಲ. ಹೊಸ್ತಿಲ ತನಕದ ಸೌಹಾರ್ದಕ್ಕೆ ನಮ್ಮೂರಿನಲ್ಲಿ ಬರವಿಲ್ಲ. ಹೊಸ್ತಿಲು ದಾಟಿದವನಿಗೆ ಬೇಕಾದದ್ದು ಬೇರೆ.

ಗಡಿಯಾಚೆ ಪುತ್ತೂರಿನಲ್ಲಿರುವ ದೊಡ್ಡಪ್ಪನ ಮಗ ಫೋನಿನಲ್ಲಿ, ‘ನಿಂಗಳಲ್ಲಿ ಕೇರಳ, ಎಲ್ಲ ಸುಲಭ’ ಅನ್ನುತ್ತಾನೆ. ಕಾಗದದ ಮಟ್ಟಿಗೆ ಅವನು ಹೇಳುವುದು ಸರಿ. ಮತಾಂತರಕ್ಕೆ ಮೂವತ್ತು ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು ಎಂಬ ಕಾನೂನನ್ನು ಕರ್ನಾಟಕ 2022ರಲ್ಲಿ ತಂದಿತು, ಹಿಂದೆಗೆಯಲು 2023ರ ಜೂನಿನಲ್ಲಿ ಹೊಸ ಸರಕಾರದ ಸಂಪುಟ ತೀರ್ಮಾನಿಸಿತು. ಕೇರಳದಲ್ಲಿ ಅಂಥ ಕಾಯ್ದೆ ಇಲ್ಲ. ಇಲ್ಲಿ ಇಸ್ಲಾಂ ಸ್ವೀಕರಿಸುವವರು ಪೊನ್ನಾನಿಯ ಮಊನತ್ತುಲ್ ಇಸ್ಲಾಂ ಸಭೆಗೋ ಕೋಝಿಕ್ಕೋಡಿನ ತರ್ಬಿಯತ್ತುಲ್ ಇಸ್ಲಾಂ ಸಭೆಗೋ ಹೋಗಿ ಕಲಿತು, ಸರ್ಟಿಫಿಕೇಟ್ ತಂದು, ಗಜೆಟಿನಲ್ಲಿ ಹೆಸರು ಬದಲಿಸಿಕೊಳ್ಳುವುದು ರೂಢಿ. ಮದುವೆಯ ನೋಟಿಸನ್ನು ಇಂಟರ್ನೆಟ್ಟಿನಲ್ಲಿ ಹಾಕುವ ಕ್ರಮವನ್ನೂ, ದುರುಪಯೋಗವಾಗುತ್ತದೆ ಅಂತ, 2020ರಲ್ಲಿ ನಿಲ್ಲಿಸಿದರು. ವಿಶೇಷ ವಿವಾಹವಾದ ಹಿಂದೂ ತನ್ನ ಅವಿಭಕ್ತ ಕುಟುಂಬದಿಂದ ಕಡಿದುಕೊಂಡಂತೆ ಎನ್ನುತ್ತದೆ ಆ ಕಾಯ್ದೆಯ 19ನೇ ಕಲಂ. ಕೇರಳವೋ 1975ರ ಕಾಯ್ದೆಯಲ್ಲಿ ಅವಿಭಕ್ತ ಕುಟುಂಬ ಪದ್ಧತಿಯನ್ನೇ ತೆಗೆದುಹಾಕಿತ್ತು. ಕಾನೂನು ಕಡಿಯುವ ಮೊದಲೇ ಹಗ್ಗ ಇರಲಿಲ್ಲ. (ಗುಮಾಸ್ತನ ಚಟ, ಇಂಥದ್ದು ಸಿಕ್ಕಿದರೆ ಬಿಡಲಾಗುವುದಿಲ್ಲ.)

ಆಸ್ತಿಯ ಲೆಕ್ಕದಲ್ಲಿ ಮತ ಬದಲಿಸುವುದು ಲಾಭವೋ ನಷ್ಟವೋ ಅಂತ ನನ್ನನ್ನು ಕೇಳಲು ಬರುವವರಿದ್ದಾರೆ. ಮತಾಂತರವಾದವನ ಸ್ವಂತ ಹಕ್ಕು ಹೋಗುವುದಿಲ್ಲ, ಆಮೇಲೆ ಹುಟ್ಟಿದ ಮಕ್ಕಳಿಗೆ ಹಿಂದೂ ಬಂಧುಗಳ ಆಸ್ತಿಯಲ್ಲಿ ತೊಡಕು. ಇದು ಹಿಂದೂ ಉತ್ತರಾಧಿಕಾರ ಕಾಯ್ದೆಯ 26ನೇ ಕಲಂ. ಇನ್ನು ಹುಟ್ಟಾ ಮುಸ್ಲಿಮರೇ ವಿಶೇಷ ವಿವಾಹ ಕಾಯ್ದೆಯ ಕಡೆ ಬಂದದ್ದೂ ಉಂಟು. ಕಾಞಂಗಾಡಿನ ವಕೀಲ, ನಟ ಸಿ. ಶುಕ್ಕೂರ್ ಮತ್ತು ಶೀನಾ ದಂಪತಿ, ಮೂವರು ಹೆಣ್ಣುಮಕ್ಕಳಿಗೆ ತಮ್ಮ ಆಸ್ತಿ ಪೂರ್ತಿ ಸಿಗಲಿ ಅಂತ, 2023ರ ಮಾರ್ಚ್ 8ರಂದು ಹೊಸದುರ್ಗದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ವಿಶೇಷ ವಿವಾಹ ಕಾಯ್ದೆಯಡಿ ಇನ್ನೊಮ್ಮೆ ಮದುವೆಯಾದರು. ಮತ ಬಿಡಲಿಲ್ಲ, ಕಾಯ್ದೆ ಬದಲಿಸಿಕೊಂಡರು. ಆಸ್ತಿಗಾಗಿ ಕಲಿಮ, ಅಂದರೆ ಇಸ್ಲಾಂ ಸ್ವೀಕರಿಸುವ ವಚನ, ಹೇಳಲು ಹೊರಟವರಿಗೆ ನಾನು ಅವರ ಕಥೆ ಹೇಳಿ ಚಹಾ ಕುಡಿಸಿ ಕಳಿಸುತ್ತೇನೆ.

ಕಷ್ಟದ ಪ್ರಶ್ನೆ ಇದ್ದದ್ದು ಚೆಮ್ನಾಡಿನ ಮನೆಯ ಜಗಲಿಯಲ್ಲಿ.

ಉತ್ತರ ಮಲಬಾರಿನ ಮಾಪಿಳ್ಳೆ ಮನೆಗಳಲ್ಲಿ ಮದುವೆಯಾದ ಗಂಡು ಹೆಣ್ಣಿನ ಮನೆಗೆ ಬರುತ್ತಾನೆ, ಪುದಿಯಾಪ್ಲ ಅಂತ ಅವನಿಗೆ ರಾಜೋಪಚಾರ. ನಮ್ಮಲ್ಲಿ ಹೆಣ್ಣು ಗಂಡನ ಮನೆ ಸೇರುತ್ತಾಳೆ, ಧಾರೆಯಾದ ದಿನವೇ ಅವಳ ಗೋತ್ರ ಬದಲಾಗುತ್ತದೆ. ನನ್ನ ಅಕ್ಕಂದಿರ ಗೋತ್ರ ಬದಲಾದಾಗ ಅವರನ್ನು ಯಾರೂ ಕೇಳಿದ್ದು ನನಗೆ ನೆನಪಿಲ್ಲ, ಅದರ ಬಗ್ಗೆ ಊರಿನಲ್ಲಿ ಸಭೆಯೂ ನಡೆಯಲಿಲ್ಲ. ‘ಅವಳನ್ನೇ ನಮ್ಮ ಕಡೆಗೆ ತಾ’ ಎಂದು ನನಗೆ ಬುದ್ಧಿ ಹೇಳಿದ ನೆಂಟರಿಗೆ, ಅದೂ ಮತಾಂತರವೇ ಎಂಬುದು ಹೊಳೆದೇ ಇಲ್ಲ. ಹೆಣ್ಣು ಬಂದರೆ ಸಂಸಾರ, ಗಂಡು ಹೋದರೆ ಮತಾಂತರ.

ಇಸ್ಲಾಮಿನ ಪಾರಂಪರಿಕ ಲೆಕ್ಕದಲ್ಲಿ ಮುಸ್ಲಿಂ ಗಂಡು ಯಹೂದಿ, ಕ್ರೈಸ್ತ ಹೆಣ್ಣನ್ನು ನಿಕಾಹ್ ಮಾಡಿಕೊಳ್ಳಬಹುದು, ಮುಸ್ಲಿಂ ಹೆಣ್ಣಿಗೆ ಮುಸ್ಲಿಂ ಗಂಡೇ ಆಗಬೇಕು. ಮುಸ್ಲಿಂ ಗಂಡು ಹಿಂದೂ ಹೆಣ್ಣನ್ನು ನಿಕಾಹ್ ಮಾಡಿಕೊಂಡರೆ ಅದು ಫಾಸಿದ್, ಅಂದರೆ ಕ್ರಮ ತಪ್ಪಿದ್ದು, ಆದರೂ ಮಕ್ಕಳಿಗೆ ತಂದೆಯ ಆಸ್ತಿಯಲ್ಲಿ ಹಕ್ಕುಂಟು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ನಮ್ಮದು ತಿರುಗುಮುರುಗು. ಕೋರ್ಟಿನ ಲೆಕ್ಕದಲ್ಲಿ ನಾನು ಗಂಡ, ಮಾವನ ಲೆಕ್ಕದಲ್ಲಿ ಏನೂ ಅಲ್ಲ. ಆದರೂ ಅವರು ನನಗೆ ಪುದಿಯಾಪ್ಲನ ಕುರ್ಚಿ ಕೊಟ್ಟರು.

ರಂಜಾನಿನ ಒಂದು ಸಂಜೆ ಹೇಳುತ್ತೇನೆ. ಮಾಂಸ ತಿನ್ನದ ಅಳಿಯನಿಗೆ ಅಂತ ಉಮ್ಮ, ಅಂದರೆ ಅತ್ತೆ, ದೊಡ್ಡ ಬಟ್ಟಲು ತುಂಬ ತರಿಕಂಜಿ ಮಾಡಿರುತ್ತಾರೆ. ರವೆ, ಹಾಲು, ಮೇಲೆ ತುಪ್ಪದಲ್ಲಿ ಹುರಿದ ಸಣ್ಣ ಈರುಳ್ಳಿ. ಬಾಂಗ್ ಆದ ಕೂಡಲೇ ಉಪ್ಪ, ಅಂದರೆ ಮಾವ, ಮೊದಲ ಖರ್ಜೂರವನ್ನು ನನ್ನ ಕೈಗೇ ಇಡುತ್ತಾರೆ. ಆಮೇಲೆ ಎಲ್ಲರೂ ನಮಾಜಿಗೆ ಏಳುತ್ತಾರೆ. ಹತ್ತು ನಿಮಿಷ ನಾನೊಬ್ಬನೇ. ಮೇಜಿನ ಮೇಲೆ ಎಂಟು ತಟ್ಟೆ, ಮೇಲೆ ಫ್ಯಾನು, ಒಳಕೋಣೆಯಿಂದ ಒಟ್ಟಿಗೆ ಬಾಗಿ ಏಳುವ ಬಟ್ಟೆಯ ಸದ್ದು. ಒಂಬತ್ತು ವರ್ಷ ಆ ಹತ್ತು ನಿಮಿಷ ಕುಳಿತಿದ್ದೇನೆ. ಒಳಗೆ ಹೋಗಿ ಸಾಲಿನ ಕೊನೆಗೆ ನಿಂತುಬಿಡೋಣ ಅಂತ ಎಷ್ಟು ಸಲ ಅನಿಸಿದೆಯೋ. ಆದರೆ ಅದು ದೇವರ ಕರೆ ಹೌದೋ, ಒಬ್ಬನೇ ಕೂತವನ ಬೇಜಾರೋ ಎಂದು ತೀರ್ಮಾನಿಸಲು ನನಗೆ ಆಗಲಿಲ್ಲ.

ಉಪ್ಪ ಕೇಳಿದ್ದು ಒಂದೇ ಸಲ. ಹೃದಯದ ಆಪರೇಷನ್ ಆಗಿ ಮನೆಗೆ ಬಂದ ವಾರ. ‘ಮೋನೇ, ನಿನ್ನ ಮನಸ್ಸಿನ ಮೇಲೆ ನನಗೆ ಸಂಶಯವಿಲ್ಲ. ನಾಳೆ ನಾನು ಅಲ್ಲಿ ಹೋದ ಮೇಲೆ ಮಗಳ ಲೆಕ್ಕ ಕೇಳಿದರೆ ಏನು ಹೇಳಲಿ?’

ಅದೇ ತಿಂಗಳು ಅಬ್ಬೆ ಬೇರೊಂದು ಕೇಳಿದರು. ‘ಎನ್ನ ತಿಥಿ ಮಾಡುದಾರು?’ ಅಪ್ಪನ ತಿಥಿಗೆ ಮೊದಲ ವರ್ಷ ಪುರೋಹಿತರು ಬಂದಿರಲಿಲ್ಲ. ಎರಡನೆಯ ವರ್ಷ ಬಂದರು, ನನ್ನನ್ನೇ ಕೂರಿಸಿ ಮಾಡಿಸಿದರು, ಊಟ ಮಾತ್ರ ಮಾಡದೆ ಹೋದರು. ಅಬ್ಬೆಗೆ ಆ ಎತ್ತಿಟ್ಟ ಎಲೆ ಕಣ್ಣಿನಿಂದ ಹೋಗಿಲ್ಲ. ‘ನೀನು ಎಂತ ಬೇಕಾರೂ ಮಾಡು, ಹೆಸರು ಮಾಂತ್ರ ಬದಲುಸೆಡ ಮಗಾ’ ಅಂದರು. ಮದುವೆಯ ಪ್ರಶ್ನೆ ಅಂದುಕೊಂಡಿದ್ದೆ. ಎರಡೂ ಮನೆಯವರು ಕೇಳುತ್ತಿದ್ದದ್ದು ಸಾವಿನ ಪ್ರಶ್ನೆ.

ಈ ಸಂಕಟಕ್ಕೆ ಪೇಟೆಯಲ್ಲಿ ಸಿಗುವ ಅಗ್ಗದ ಮದ್ದು ಒಂದುಂಟು: ‘ಕಲಿಮ ಹೇಳಿಬಿಡು ಮಾರಾಯ, ಒಳಗೆ ಏನಿದ್ದರೆ ಯಾರಿಗೆ ಗೊತ್ತು? ಮುದುಕರಿಗೆ ಸಮಾಧಾನ.’ ನನ್ನ ಜಾತಿಯವರೂ ಹೇಳಿದ್ದಾರೆ, ಅವಳ ಕಡೆಯ ಕೆಲವರೂ ಹೇಳಿದ್ದಾರೆ. ನಾನು ಸುಮಾರು ಒಪ್ಪಿದ್ದೆ ಕೂಡ. ತಡೆದದ್ದು ಹೆಂಡತಿ.

‘ಕಲಿಮ ಶುರುವಾಗುವುದೇ ಅಶ್‌ಹದು ಅಂತ. ನಾನು ಸಾಕ್ಷಿ ಹೇಳ್ತೇನೆ ಅಂತ ಅರ್ಥ. ಕೇಳಿದ್ದನ್ನು ಕಂಡೆ ಅಂತ ಕಟಕಟೆಯಲ್ಲಿ ಹೇಳುವವರನ್ನು ನೀನು ದಿನಾ ಮನೆಗೆ ಬಂದು ಬೈತೀಯಲ್ಲ, ಈಗ ನೀನೇ ಹೋಗಿ ನಿಲ್ತೀಯಾ? ಉಪ್ಪನಿಗೆ ಬೇಕಾದ್ದು ನಿನ್ನ ಸಾಕ್ಷಿ. ಕಳ್ಳಸಾಕ್ಷಿ ಕೊಟ್ಟು ಅವರನ್ನು ಸಮಾಧಾನ ಮಾಡುದು ಬೇಡ.’

ಅವಳು ಐದು ಹೊತ್ತು ನಮಾಜು ಮಾಡುವವಳು. ನಾನು ಸೇರಿಕೊಂಡರೆ ಹೆಚ್ಚು ನೆಮ್ಮದಿ ಸಿಗುವುದು ಅವಳಿಗೇ. ಹಾಗಾಗಿ ಆ ಮಾತಿಗೆ ತೂಕ.

ಮೈದುನ ಬುದ್ಧಿವಂತ, ಸುಲಭಕ್ಕೆ ಬಿಡುವವನಲ್ಲ. ಅವನು ನನ್ನನ್ನು ಕರೆಯುವುದು ‘ಅಳಿಯಾ’ ಅಂತ. ಮಲಯಾಳದಲ್ಲಿ ಅಳಿಯನೆಂದರೆ ಭಾವ ಮೈದುನರು, ಕನ್ನಡದ ಅಳಿಯ ಅಲ್ಲ. ಆ ಮನೆಯಲ್ಲಿ ನಾನು ಎರಡೂ ಭಾಷೆಯ ಅಳಿಯ. ಅವನು ಕೇಳಿದ: ‘ಅಪ್ಪನ ತಿಥಿಗೆ ಕೂತು ಸಂಸ್ಕೃತದಲ್ಲಿ ಹೇಳ್ತೀಯಲ್ಲ, ಅದನ್ನೆಲ್ಲ ನಂಬ್ತೀಯಾ? ನಂಬದೆ ಅದನ್ನು ಹೇಳಬಹುದು, ಇದನ್ನು ಹೇಳಬಾರದಾ?’

ಒಂದು ವಾರ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಸಂಕಲ್ಪವನ್ನು ಮನಸ್ಸಿನಲ್ಲೇ ಹೇಳಿ ನೋಡಿದೆ. ಅದರಲ್ಲಿ ನಾಡು ಬರುತ್ತದೆ, ಸಂವತ್ಸರ, ತಿಥಿ, ನಕ್ಷತ್ರ, ಗೋತ್ರ, ಹೆಸರು ಬರುತ್ತವೆ. ಕೇರಳವೂ ಇಲ್ಲ, ಕರ್ನಾಟಕವೂ ಇಲ್ಲ, ಪರಶುರಾಮ ಕ್ಷೇತ್ರ ಅಂದರೆ ಮುಗಿಯಿತು. ಎಲ್ಲಿ ಕುಳಿತಿದ್ದಿ, ಯಾರ ಮಗ, ಯಾವತ್ತು ಎಂದು ಅದು ಕೇಳುತ್ತದೆ. ನಂಬುತ್ತೀಯೋ ಎಂದು ಒಂದು ಕಡೆಯೂ ಕೇಳುವುದಿಲ್ಲ. ನಾನು ಅಲ್ಲಿ ಹೇಳುವುದೆಲ್ಲ ನಿಜವೇ: ಇಂಥವನ ಮಗ, ಇಂಥ ದಿನ, ಇಂಥ ಕಡೆ ಕುಳಿತಿದ್ದೇನೆ. ಕಲಿಮ ನನ್ನ ವಿಳಾಸ ಕೇಳುವುದಿಲ್ಲ. ಅದಕ್ಕೆ ಊರು, ಕುಲ, ನಕ್ಷತ್ರ ಒಂದೂ ಬೇಡ, ಕಂಡದ್ದನ್ನು ಹೇಳು ಅನ್ನುತ್ತದೆ. ನನ್ನ ಪದ್ಧತಿಯಲ್ಲಿ ನಂಬದೆ ಇರುವುದಕ್ಕೆ ಜಾಗ ಉಂಟು, ಕುಲ ಬಿಟ್ಟವನಿಗೆ ಜಾಗ ಕಡಿಮೆ. ಅವರಲ್ಲಿ ಯಾವ ಕುಲದವನಿಗೂ ಜಾಗ ಉಂಟು, ನಂಬದೆ ಒಳಗೆ ಬರುವವನಿಗೆ ಕಷ್ಟ. ಯಾವುದು ಮೇಲು ಅಂತ ನನ್ನನ್ನು ಕೇಳಬೇಡಿ, ಎಲೆ ಎತ್ತಿಟ್ಟ ಮನೆಯವನು ನಾನು.

ಕನ್ನಡ ಅನುವಾದದಲ್ಲಿ ಕುರಾನ್ ಓದಿದೆ. ಧರ್ಮದಲ್ಲಿ ಬಲವಂತವಿಲ್ಲ ಎಂಬ ವಚನವನ್ನು ಎಲ್ಲರೂ ಹೇಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು 49ನೇ ಅಧ್ಯಾಯದ 14ನೆಯದು. ನಾವು ನಂಬಿದೆವು ಎನ್ನುವ ಮರುಭೂಮಿಯ ಅರಬರಿಗೆ, ನೀವಿನ್ನೂ ನಂಬಿಲ್ಲ, ಶರಣಾದೆವು ಎಂದಷ್ಟೇ ಹೇಳಿ, ನಂಬಿಕೆ ಇನ್ನೂ ನಿಮ್ಮ ಹೃದಯದೊಳಗೆ ಹೊಕ್ಕಿಲ್ಲ ಎನ್ನುತ್ತದೆ ಅದು. ಮೈದುನನಿಗೆ ತೋರಿಸಿದೆ. ಅವನು ನಕ್ಕು, ‘ನೋಡು, ಶರಣಾದೆವು ಅಂತ ಹೇಳಿ ಒಳಗೆ ಬರಬಹುದು ಅಂತಲೇ ಇದೆಯಲ್ಲ, ಉಳಿದದ್ದು ಆಮೇಲೆ ಹೊಕ್ಕೀತು’ ಅಂದ. ಅದೂ ಹೌದು. ಅವನ ಮಾತಿಗೆ ಇವತ್ತಿಗೂ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಒಂದು ಸಂಜೆ ನಾನು ಆ ಒಳಕೋಣೆಗೆ ಹೋಗಿ ನಿಂತರೂ ನಿಂತೇನು, ಆದರೆ ಯಾರ ಆಪರೇಷನ್ನಿಗೂ ಹೆದರಿ ಹೋಗಲಾರೆ. ಮದುವೆಯ ಹೊಸದರಲ್ಲಿ, ನೆಂಟರ ಒತ್ತಡದಲ್ಲಿ ಇದನ್ನು ತೀರ್ಮಾನಿಸಬೇಡಿ ಎಂದು ನನ್ನ ಹಾಗಿರುವ ಹುಡುಗರಿಗೆ ಹೇಳುತ್ತೇನೆ. ಮದುವೆಗೆ ಕಾಯ್ದೆ ಉಂಟು, ಮೊದಲು ಅದರಲ್ಲಿ ಆಗಿ. ಇನ್ನೊಂದಕ್ಕೆ ಅವಸರವಿಲ್ಲ. ಉಪ್ಪನಿಗೂ ನಾನು ಅಷ್ಟೇ ಹೇಳಿದ್ದೆ: ‘ಸುಳ್ಳು ಹೇಳಲಿಲ್ಲ ಅಂತ ಹೇಳಿ, ಉಪ್ಪ.’ ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಕಂಜಿ ತಣ್ಣಗಾಯಿತು ಅಂದರು.

ಹೋದ ಜೂನಿನಲ್ಲಿ ಅವರು ತೀರಿಕೊಂಡರು. ಜಡಿಮಳೆ. ಮಯ್ಯತ್ತ್ ನಮಾಜು ನಡೆಯುವಾಗ ನಾನು ಮಸೀದಿಯ ಹೊರಗೆ, ಒಳಗೆ ಹೋದವರ ಹತ್ತು ಹದಿನೈದು ಕೊಡೆ ಹಿಡಿದುಕೊಂಡು ನಿಂತಿದ್ದೆ. ಖಬರಸ್ತಾನಕ್ಕೆ ಹಿಂದಿನಿಂದ ಹೋದೆ. ಮೈದುನ ತಿರುಗಿ ನೋಡಿ, ‘ಅಳಿಯಾ, ವಾ’ ಅಂತ ಕೈ ಹಿಡಿದು ಮುಂದೆ ಎಳೆದ. ಎಲ್ಲರಂತೆ ಮೂರು ಹಿಡಿ ಮಣ್ಣು ಹಾಕಿದೆ.

ಅವರ ಕಡೆ ಹೆಂಗಸರು ಖಬರಸ್ತಾನಕ್ಕೆ ಹೋಗುವುದಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಹೆಂಡತಿ ಕೇಳಿದಳು.

‘ಗುಂಡಿಯಲ್ಲಿ ನೀರು ಇತ್ತಾ?’

‘ತಳದಲ್ಲಿ ಸ್ವಲ್ಪ ಒಸರಿತ್ತು. ಬಟ್ಟೆಯಲ್ಲಿ ಒರೆಸಿ ತೆಗೆದರು.’

‘ಮುಖ ಯಾವ ಕಡೆ ಮಾಡಿದ್ರು, ಕಂಡೆಯಾ?’

‘ಕಂಡೆ. ಪಡುವಣಕ್ಕೆ, ಸ್ವಲ್ಪ ಬಡಗಲಿಗೆ. ಕೆನ್ನೆಯ ಕೆಳಗೆ ಒಂದು ಹಿಡಿ ಮಣ್ಣು ಇಟ್ಟರು.’

‘ನೀನೇ ಕಂಡದ್ದಾ, ಯಾರಾದರೂ ಹೇಳಿದ್ದಾ?’

‘ನಾನೇ ಕಂಡದ್ದು’ ಅಂದೆ.