ಮಾಳಿಗೆ ಮೇಲಿನ ಕಂಪಿಲರಾಯ

ಬಯಲಾಟ ಮುಗಿದಿದೆ. ಅಟ್ಟ ಬಿಚ್ಚಿದ್ದಾಯ್ತು, ಬಾಡಿಗೆ ಡ್ರೆಸ್ಸು ವಾಪಸ್ ಹೋಯ್ತು, ಮೈಕಿನವನು ಬಾಕಿ ರೊಕ್ಕಕ್ಕೆ ಇನ್ನೂ ಓಣಿ ಓಣಿ ಅಲೆಯುತ್ತಿದ್ದಾನೆ. ಆದರೆ ಈ ಸುದ್ದಿ, ಆಟದಲ್ಲಿ ರಾಜನ ಪಾರ್ಟು ಕಟ್ಟಿದ್ದ ನಮ್ಮ ಪಕ್ಕದ ಮನೆಯ ಕಿರಾಣಿ ಅಂಗಡಿ ಮಾವನಿಗೆ ಮಾತ್ರ ಮುಟ್ಟಿಲ್ಲ. ನಿನ್ನೆ ರಾತ್ರಿಯೂ ಒಂದು ಗಂಟೆ ಸುಮಾರಿಗೆ ಅವರು ಮಾಳಿಗೆ ಮೇಲೆ ಎದ್ದು ನಿಂತು, ಲುಂಗಿ ಎತ್ತಿ ಕಟ್ಟಿ, ನೀರಿನ ಟ್ಯಾಂಕಿನ ಕಡೆ ಕೈ ಚಾಚಿ, "ಎಲೈ ಮಂತ್ರಿಶೇಖರಾ!" ಅಂದರು. ಮಂತ್ರಿಶೇಖರ ಆ ಹೊತ್ತಿಗೆ ಹೊಳೆ ದಂಡೆಯ ತನ್ನ ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ಎಚ್ಚರ ಆದದ್ದು ನನಗೆ.

ಬೆಳಿಗ್ಗೆ 8ಕ್ಕೆ ಆಫೀಸು ಇರುವವನ ಕಷ್ಟ ರಾಜರಿಗೆ ಹೇಗೆ ಗೊತ್ತಾಗಬೇಕು? ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಏಪ್ರಿಲ್ ಬಂತೆಂದರೆ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. "ಆರಾಮಲ್ವಾ, ಮಧ್ಯಾಹ್ನ ಬಂದು ಮಲಗಿಬಿಡಬಹುದು" ಅಂತಾರೆ ಬೆಂಗಳೂರಿನ ನಮ್ಮ ಭಾವ. ಅವರು ಮೇ ತಿಂಗಳ ಮಧ್ಯಾಹ್ನ ಕಂಪ್ಲಿಗೆ ಬಂದು ಒಮ್ಮೆ ಮಲಗಿ ನೋಡಲಿ. ಫ್ಯಾನು ತಿರುಗಿದಷ್ಟೂ ಬಿಸಿಗಾಳಿ. ನಲ್ಲಿ ತಿರುವಿದರೆ ಬರೋ ನೀರಿಗೆ ಸುಮ್ನೆ ಚಹಾಪುಡಿ ಹಾಕಿದರೆ ಸಾಕು. ಬಳ್ಳಾರಿ ಸೀಮೆಗೆ ಎರಡೇ ಕಾಲ, ಬೇಸಿಗೆ ಕಾಲ ಮತ್ತು ಕಡು ಬೇಸಿಗೆ ಕಾಲ ಅಂತ ಹಿರಿಯರು ಹೇಳಿದ್ದು ತಮಾಷೆಗೆ ಅಂತ ಹೊರಗಿನವರು ತಿಳಿದಿದ್ದಾರೆ.

ಹಾಗಾಗಿ ಇರೋದೊಂದೇ ನಿದ್ದೆ, ರಾತ್ರಿಯದು. ಅದೂ ಮಾಳಿಗೆ ಮೇಲೆ. ಸಂಜೆ ಎರಡು ಕೊಡ ನೀರು ಚೆಲ್ಲಿ, ಮಾಳಿಗೆ ಹೊಗೆ ಉಗುಳಿ ತಣ್ಣಗಾಗುವವರೆಗೆ ಕಾದು, ಚಾಪೆ, ದಿಂಬು, ಸೊಳ್ಳೆ ಪರದೆ, ನೀರಿನ ಬಾಟಲಿ, ಅಮ್ಮನ ರೇಡಿಯೋ ಎಲ್ಲಾ ಮೇಲೆ ಸಾಗಿಸಿ, ಸೊಳ್ಳೆ ಪರದೆ ಕಟ್ಟೋಕೆ ನಾಲ್ಕನೇ ಮೂಲೆ ಸಿಗದೆ ಅದನ್ನು ಡಿಶ್ ಆಂಟೆನಾಕ್ಕೆ ಕಟ್ಟಿ ಮಲಗುವಷ್ಟರಲ್ಲಿ ಹನ್ನೊಂದು ಆಗಿರುತ್ತದೆ. ಸುತ್ತ ಭತ್ತದ ಗದ್ದೆ, ಕೆಳಗೆ ತುಂಗಭದ್ರಾ ಹೊಳೆ. ಸೊಳ್ಳೆಗಳಿಗೆ ಇದಕ್ಕಿಂತ ಒಳ್ಳೆಯ ಊರು ಇಲ್ಲ. ಹೊಳೆ ಕಡೆಯಿಂದ ಸಣ್ಣಗೆ ಗಾಳಿ ಬೀಸಿ ಕಣ್ಣು ಹತ್ತುವ ಹೊತ್ತಿಗೆ ಸರಿಯಾಗಿ ಪಕ್ಕದ ಮಾಳಿಗೆಯಲ್ಲಿ ಒಡ್ಡೋಲಗ ಶುರು.

ಕಥೆ ಯುಗಾದಿ ಮುಗಿದ ಮೇಲೆ ಆರಂಭವಾದದ್ದು. ಹೊಲದ ಕೆಲಸ ಕಮ್ಮಿ, ಹೊಳೆಯಲ್ಲಿ ನೀರು ಕಮ್ಮಿ, ಹುಡುಗರ ಕೈಯಲ್ಲಿ ಹೊತ್ತು ಜಾಸ್ತಿ. ಬಯಲಾಟ ಆಡಿಸೋಣ ಅಂತ ಓಣಿಯವರು ಕೂಡಿ ತೀರ್ಮಾನ ಮಾಡಿದರು. ಪ್ರಸಂಗ ಬೇರೆ ಹುಡುಕಬೇಕಾಗಿಲ್ಲ, ನಮ್ಮೂರಿನದೇ ಇದೆ, ಗಂಡುಗಲಿ ಕುಮಾರರಾಮ. ಸಿರುಗುಪ್ಪ ಕಡೆಯ ಒಂದು ಹಳ್ಳಿಯಿಂದ ಆಟ ಕಲಿಸುವ ಮಾಸ್ತರು ಬಂದರು. ಹೆಗಲ ಮೇಲೆ ಟವೆಲು, ಕೈಯಲ್ಲಿ ತಾಳ, ಬಾಯಲ್ಲಿ ಎಲೆ ಅಡಿಕೆ. ಅವರ ಊಟ ಪಾತ್ರಧಾರಿಗಳ ಮನೆಯಲ್ಲಿ ಪಾಳಿ ಮೇಲೆ. ಪಾತ್ರಕ್ಕೆ ತಕ್ಕ ರೊಕ್ಕ ಪಾತ್ರಧಾರಿಯೇ ಹಾಕಬೇಕು. ದ್ವಾರಪಾಲಕನಿಗೆ ಅಗ್ಗ, ರಾಜನಿಗೆ ತುಟ್ಟಿ. ಮಾವ ಹಿಂದೆ ಮುಂದೆ ನೋಡದೆ ಕುಮಾರರಾಮನ ಅಪ್ಪ, ರಾಜ ಕಂಪಿಲರಾಯನ ಪಾರ್ಟು ಹಿಡಿದರು. ಒಂದು ರೂಪಾಯಿ ಚಿಲ್ಲರೆಗೆ ಚಾಕೊಲೇಟು ಕೊಟ್ಟು ಕಳಿಸುವ ಮನುಷ್ಯ ಅಷ್ಟು ರೊಕ್ಕ ಬಿಚ್ಚಿದ್ದು ನೋಡಿ ಅತ್ತೆಗೆ ಆವತ್ತೇ ಅನುಮಾನ ಬಂದಿತ್ತಂತೆ.

ಅಸಲಿ ಕಂಪಿಲರಾಯ ಸಾಮಾನ್ಯನಲ್ಲ. ದಿಲ್ಲಿಯ ಮಹಮ್ಮದ್ ಬಿನ್ ತುಘಲಕ್ ವಿರುದ್ಧ ಬಂಡೆದ್ದ ಬಹಾವುದ್ದೀನ್ ಗುರ್ಶಾಸ್ಪ್ ಓಡಿ ಬಂದು ಆಶ್ರಯ ಕೇಳಿದಾಗ ಕೊಟ್ಟವನು. ಅವನನ್ನು ಒಪ್ಪಿಸು ಅಂದರೆ ಒಪ್ಪಿಸದೆ, 1327ರ ಸುಮಾರಿಗೆ ದಿಲ್ಲಿ ಸೈನ್ಯದ ಎದುರು ರಾಜ್ಯ, ಪ್ರಾಣ ಎರಡೂ ಕಳೆದುಕೊಂಡವನು. ಹೊಳೆಯಾಚೆ ಗಂಗಾವತಿ ಕಡೆಯ ಕುಮ್ಮಟದುರ್ಗದ ಕಲ್ಲುಗಳು ಇವತ್ತಿಗೂ ಅದಕ್ಕೆ ಸಾಕ್ಷಿ. ಆದರೆ ಆಟದ ಕಂಪಿಲರಾಯನ ಕೆಲಸ ಬೇರೆ. ಕಿರಿಯ ಹೆಂಡತಿ ರತ್ನಾಜಿ, ಚೆಂಡು ಕೇಳಲು ಬಂದ ಕುಮಾರರಾಮನಿಗೆ ಮನಸೋತು, ಅವನು ಒಪ್ಪದಿದ್ದಾಗ ಅವನ ಮೇಲೆಯೇ ಗಂಡನ ಹತ್ತಿರ ಚಾಡಿ ಹೇಳುತ್ತಾಳೆ. ರಾಜ ಹಿಂದೆ ಮುಂದೆ ವಿಚಾರಿಸದೆ ಮಗನ ತಲೆ ತೆಗೆಸಲು ಮಂತ್ರಿ ಬೈಚಪ್ಪನಿಗೆ ಅಪ್ಪಣೆ ಕೊಡುತ್ತಾನೆ. ಮಂತ್ರಿ ಬುದ್ಧಿವಂತ. ರಾಮನನ್ನು ಬಚ್ಚಿಟ್ಟು ಬೇರೆ ತಲೆ ತಂದು ತೋರಿಸುತ್ತಾನೆ. ಇಡೀ ಕಥೆ ನಿಂತಿರೋದು ಆ ಒಂದು ಅಪ್ಪಣೆಯ ಮೇಲೆ. ನಮ್ಮ ಓಣಿಯ ನಿದ್ದೆ ಹೋದದ್ದೂ ಅದರ ಮೇಲೆಯೇ.

ಆ ಮಾತು ಇಷ್ಟು: "ಎಲೈ ಮಂತ್ರಿಶೇಖರಾ, ಹೆತ್ತ ಮಗನೆಂಬ ಮೋಹವ ಹರಿದೊಗೆದಿರುವೆನು. ಈ ಕ್ಷಣವೇ ಆ ಕುಲಘಾತುಕನ ಶಿರವನ್ನು ಕಡಿದು ನಮ್ಮ ಪಾದಕ್ಕೆ ತಂದೊಪ್ಪಿಸುವಂಥವನಾಗು!"

ತಾಲೀಮಿನ ದಿನಗಳಲ್ಲಿ ರಾತ್ರಿ ಮಾಳಿಗೆ ಮೇಲೆ ಮಾವ "ಈ ಕ್ಷಣವೇ" ತನಕ ಗುಡುಗುತ್ತಿದ್ದರು. ಅಲ್ಲಿಗೆ ಬಂದು ನಿಂತುಬಿಡುತ್ತಿದ್ದರು. ಎತ್ತಿದ ಕೈ ಎತ್ತಿದ್ದೇ. "ಈ ಕ್ಷಣವೇ..." ಅಂತ ಇನ್ನೊಮ್ಮೆ. ಓಣಿಯ ನಾಯಿ ಒಂದು ಸುತ್ತು ಬೊಗಳಿ ಮಲಗುತ್ತಿತ್ತು. "ಈ ಕ್ಷಣವೇ..." ಗಂಗಾವತಿ ಕಡೆ ಹೋಗುವ ಲಾರಿಯೊಂದು ಹಾರ್ನ್ ಹೊಡೆದು ಸೇತುವೆ ದಾಟುತ್ತಿತ್ತು. ಮಾವನ ಕ್ಷಣ ಮುಗಿಯುತ್ತಿರಲಿಲ್ಲ. ಕೊನೆಗೆ ಹಿಂದಿನ ಮಾಳಿಗೆಯಿಂದ ರಿಟೈರ್ಡ್ ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ, "ಆ ಕುಲಘಾತುಕನ ಶಿರವನ್ನು ಕಡಿದು ಕಣಪ್ಪಾ, ಕಡಿದು ಮಲಗು" ಅನ್ನುತ್ತಿದ್ದರು. ಮಾವ, "ಹಾಂ, ಬಂತು ಬಂತು, ಹೇಳಬ್ಯಾಡ್ರಿ" ಅಂತ ಮತ್ತೆ ಮೊದಲಿನಿಂದ, ಮಂತ್ರಿಶೇಖರನಿಂದ ಶುರು ಮಾಡುತ್ತಿದ್ದರು. ಮತ್ತೆ ಅದೇ ಕ್ಷಣ.

ದಿನಾ ಕೇಳಿ ಕೇಳಿ ಓಣಿಗೆಲ್ಲಾ ಅದು ಬಾಯಿಪಾಠ ಆಯ್ತು. ನನ್ನ ತಂಗಿಯ ಮಗ ರಜೆಗೆ ಬಂದವನು ನಿದ್ದೆಯಲ್ಲಿ ಹೊರಳಿ, "ಪಾದಕ್ಕೆ ತಂದೊಪ್ಪಿಸು" ಅಂದ. ಅಮ್ಮ ಅವನಿಗೆ ದೃಷ್ಟಿ ತೆಗೆದರು. ಎದುರು ಮನೆಯ ಅಕ್ಕ ಕೋಳಿ ಕೊಯ್ಯಲು ಕೊಡುವಾಗ ಅಂಗಡಿಯವನಿಗೆ ಇದೇ ಮಾತು ಹೇಳಿದಳಂತೆ. ಅಂಗಡಿಯಲ್ಲಿ ಮಾವ ಪಾತ್ರ ಬಿಟ್ಟು ಇಳಿಯುತ್ತಲೇ ಇರಲಿಲ್ಲ. "ಯಾವ ಕಾರ್ಯಾರ್ಥವಾಗಿ ಬಂದಿರುವೆ?" ಅಂತ ಗುಡುಗಿದರೆ, ಚಡ್ಡಿ ಹಾಕಿದ ಹುಡುಗ, "ಕಾಲು ಕೆಜಿ ಸಕ್ರಿ, ಅಪ್ಪ ಬರ್ಕೋ ಅಂದಾರ" ಅನ್ನುತ್ತಿದ್ದ. ಸಾಲ ಅಂದ ಕೂಡಲೇ ಮಾತ್ರ ಮಾವನಿಗೆ ಪಾತ್ರ ಮರೆತು ಶುದ್ಧ ಕಂಪ್ಲಿ ಭಾಷೆ ಬರುತ್ತಿತ್ತು.

ಇದಕ್ಕೆಲ್ಲಾ ವಿರುದ್ಧ ನಮ್ಮ ಕುಮಾರರಾಮ. ಹೊಳೆ ದಂಡೆಯ ಮೀನು ಹಿಡಿಯುವ ಮನೆಯ ಹುಡುಗ. ಸಂಜೆ ಹರಿಗೋಲು ಹಾಕಿ ಮಡುವಿನಲ್ಲಿ ಬಲೆ ಬಿಟ್ಟು, ತಾಲೀಮಿಗೆ ಬಂದು, ನಸುಕಿಗೆ ಮತ್ತೆ ಹೋಗಿ ಬಲೆ ಎತ್ತಬೇಕು. ತಡ ಆದರೆ ಸಿಕ್ಕ ಮೀನಿನಲ್ಲಿ ಅರ್ಧ ನೀರುನಾಯಿ ಪಾಲು. ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿ.ಮೀ. ಹೊಳೆಯನ್ನು ಸರ್ಕಾರ 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಅಂತ ಘೋಷಿಸಿದೆ. ಒಳ್ಳೆಯದೇ. ಮಾಳಿಗೆ ಮೇಲೆ ಮಲಗುವ ನೌಕರರಿಗೂ ಅಂಥದ್ದೊಂದು ಮಾಡಿದ್ದರೆ ಚೆನ್ನಾಗಿತ್ತು ಅಂತ ನಾನು ಅವನ ಹತ್ತಿರ ಒಮ್ಮೆ ಅಂದೆ. ಅವನು ನಗಲಿಲ್ಲ. "ಅಣ್ಣಾ, ನಾನು ನಿದ್ದಿ ಮಾಡಿ ಎಷ್ಟು ದಿನ ಆತು ಗೊತ್ತೇನು?" ಅಂದ. ಆದರೂ ಅವನು ಒಂದು ಮಾತೂ ತಪ್ಪುತ್ತಿರಲಿಲ್ಲ. ಹರಿಗೋಲಿನಲ್ಲಿ ಕೂತು ಒಬ್ಬನೇ ಹೇಳಿಕೊಳ್ಳುತ್ತಿದ್ದನಂತೆ. ಅವನ ತಾತ ಇದೇ ಪಾರ್ಟು ಕಟ್ಟಿದವರು. ಆ ಕಾಲಕ್ಕೆ ಮೈಕಿಲ್ಲ, ಕ್ಯಾಸಿಯೋ ಇಲ್ಲ, ರಿದಂ ಪ್ಯಾಡ್ ಇಲ್ಲ. ಭುಜಕೀರ್ತಿ, ಎದೆಹಾರ ಕಟ್ಟಿಕೊಂಡು ಬೆಳತನಕ ಕುಣಿದರೆ ದನಿ ಹೊಳೆಯಾಚೆಗೂ ಕೇಳುತ್ತಿತ್ತು ಅಂತ ನಮ್ಮಮ್ಮ ಹೇಳುತ್ತಾರೆ. ಈಗ ಆ ತಾತ ಜಗಲಿ ಮೇಲೆ ಕೂತು ಬಲೆ ಹೆಣೆಯುತ್ತಾರೆ. ಮೊಮ್ಮಗನ ಕುಣಿತ ನೋಡಿ, "ಕಾಲು ಇನ್ನೂ ಎತ್ತಬೇಕು" ಅಂತ ಅಷ್ಟೇ ಅಂದರು. ಕಣ್ಣು ಒರೆಸಿಕೊಂಡದ್ದು ಸೆಕೆಗೋ ಬೇರೆ ಯಾಕೋ.

ಆಟದ ರಾತ್ರಿ ಬಂತು. ಕೋಟೆ ಬಯಲಲ್ಲಿ ಅಟ್ಟ, ಜಗಮಗ ಲೈಟು, ಪಕ್ಕದಲ್ಲಿ ಒಗ್ಗರಣೆ-ಮಿರ್ಚಿ ಬಂಡಿಗಳು. ಗಣಪತಿ ಸ್ತುತಿ, ಸಾರಥಿಯ ಮಾತು, ಸನ್ಮಾನ, ಹಾರ, ಶಾಲು, ಭಾಷಣ. ಆ ಸೆಕೆಯಲ್ಲಿ ಶಾಲು ಹೊದಿಸಿಕೊಂಡವರ ಮುಖ ನೋಡಬೇಕಿತ್ತು. ಕಂಪಿಲರಾಯನ ಒಡ್ಡೋಲಗಕ್ಕೆ ನಡುರಾತ್ರಿ ದಾಟಿತ್ತು. ಮಾವನ ಮೈಮೇಲೆ ವೆಲ್ವೆಟ್ಟಿನ ಅಂಗಿ, ತಲೆ ಮೇಲೆ ಕಿರೀಟ, ಮೂಗಿನ ಕೆಳಗೆ ಅಂಟಿಸಿದ ಗಿರಿಜಾ ಮೀಸೆ. ಮೊದಲ ಪದ ಮುಗಿಯೋದರೊಳಗೆ ಬೆವರಿಗೆ ಮೀಸೆಯ ಎಡಭಾಗ ಬಿಟ್ಟುಕೊಂಡಿತು. ಮಾವ ಅದನ್ನು ಒಂದು ಬೆರಳಲ್ಲಿ ಒತ್ತಿ ಹಿಡಿದು ರಾಜ್ಯಭಾರ ಮಾಡಿದರು. ನೋಡಿದವರಿಗೆ ರಾಜ ಏನೋ ಆಳವಾಗಿ ಯೋಚಿಸುತ್ತಿದ್ದಾನೆ ಅನ್ನಿಸಿರಬೇಕು. ರತ್ನಾಜಿ ಅತ್ತಳು. ಕಂಪಿಲರಾಯ ಸಿಟ್ಟಾದ. ಕತ್ತಿ ಹಿರಿಯಲು ಬಲಗೈ ಬೇಕು, ಅಪ್ಪಣೆ ಕೊಡಲು ಎಡಗೈ ಎತ್ತಬೇಕು. ಬೆರಳು ತೆಗೆದದ್ದೇ ಮೀಸೆ ತುಟಿಗೆ ಅಡ್ಡ ಬಿತ್ತು.

"ಎಲೈ ಮಂತ್ರಿಶೇಖರಾ! ಹೆತ್ತ ಮಗನೆಂಬ ಮೋಹವ ಹರಿದೊಗೆದಿರುವೆನು! ಈ ಕ್ಷಣವೇ..."

ನಿಂತಿತು.

ಬೇರೆ ಓಣಿಯವರು, ಬೇರೆ ಊರಿನವರು ಉಸಿರು ಹಿಡಿದು ಕೂತರು. ನಮ್ಮ ಓಣಿಯವರಿಗೆ ಇದೇನು ಹೊಸದೇ? ಚಾಪೆ ಹಾಸಿ ಮುಂದೆ ಕೂತಿದ್ದ ಹೆಂಗಸರು, ಮಕ್ಕಳು, ಮೇಷ್ಟ್ರು, ಮಿರ್ಚಿ ತಿನ್ನುತ್ತಿದ್ದ ಎದುರು ಮನೆ ಅಕ್ಕ, ಎಲ್ಲಾ ಸೇರಿ ಒಂದೇ ದನಿಯಲ್ಲಿ, "ಆ ಕುಲಘಾತುಕನ ಶಿರವನ್ನು ಕಡಿದು ನಮ್ಮ ಪಾದಕ್ಕೆ ತಂದೊಪ್ಪಿಸುವಂಥವನಾಗು!" ಅಂದುಬಿಟ್ಟರು. ರಾಗ, ಏರಿಳಿತ ಸಮೇತ. ನನ್ನ ತಂಗಿಯ ಮಗ ಎದ್ದು ನಿಂತು ಕೈಯನ್ನೂ ಎತ್ತಿದ್ದ. ಬೈಚಪ್ಪ ಒಂದು ಗಳಿಗೆ ರಾಜನನ್ನು ನೋಡಿದ, ಒಂದು ಗಳಿಗೆ ಜನರನ್ನು ನೋಡಿದ. ಆಮೇಲೆ ರಾಜನಿಗೆ ಬೆನ್ನು ಮಾಡಿ, ಜನರಿಗೆ ಕೈ ಮುಗಿದು, "ಅಪ್ಪಣೆ ಮಹಾಪ್ರಭುಗಳೇ" ಅಂತ ಹೇಳಿ ಹೊರಟೇ ಹೋದ. ಅಟ್ಟದ ಮೇಲೆ ಕಂಪಿಲರಾಯ ಒಬ್ಬರೇ, ಬಾಯಿ ತೆರೆದುಕೊಂಡು. ತೆರೆದ ಬಾಯೊಳಗೆ ಮೀಸೆ.

ಕುಮಾರರಾಮನಿಗೆ ಐದುನೂರರ ನೋಟಿನ ಹಾರ ಬಿತ್ತು. ಆದರೆ ಮರುದಿನ ಚಹಾ ಅಂಗಡಿಗಳಲ್ಲಿ ಚರ್ಚೆ ಆದದ್ದು ಮೀಸೆಯೇ.

ಮಾವನ ವಾದ ಬೇರೆ. ಅವರು ಮರೆತದ್ದಲ್ಲವಂತೆ, ಮಗನ ನೆನಪಾಗಿ ಕಂಠ ಬಿಗಿದ ಹಾಗೆ ನಟಿಸಿದ್ದಂತೆ. "ಇನ್ನೇನು ಹೇಳಬೇಕು, ಅಷ್ಟರಾಗ ನಿಮ್ಮ ಬಾಯಿ!" ಹೇಳಬೇಕಾದದ್ದು ಹೊಟ್ಟೆಯಲ್ಲೇ ಉಳಿದು ಹೋಯ್ತು. ಅದಕ್ಕೆ ಈಗ ರಾತ್ರಿ ಎದ್ದು ಹೇಳಿ ಹಗುರ ಮಾಡಿಕೊಳ್ಳುತ್ತಾರೆ. ಈಗ ಎಲ್ಲಿಯೂ ತಡೆಯೋದಿಲ್ಲ. ಕ್ಷಣ ಒಂದೇ ಕ್ಷಣದಲ್ಲಿ ಮುಗಿಯುತ್ತದೆ. ಆದರೆ ನನಗೆ ಅಭ್ಯಾಸ ಬಲವಾಗಿ, "ಈ ಕ್ಷಣವೇ" ಕೇಳಿದರೆ ಎಚ್ಚರ ಆಗುತ್ತೆ.

ಮೇಷ್ಟ್ರು ಈಗ ಬಯ್ಯಲು ಮೇಲೆ ಬರೋದಿಲ್ಲ. ಮಗ ಅವರಿಗೆ ಏಸಿ ಹಾಕಿಸಿದ್ದಾನೆ. ಎದುರು ಮನೆಯವರದ್ದೂ ಬಂತು, ಕಂತಿನ ಮೇಲೆ. ಕರೆಂಟು ಹೋದಾಗ ಮಾತ್ರ ಎಲ್ಲರೂ ಮೇಲೆ ಬಂದು, "ಏನ್ರಿ ಸಮಾಚಾರ, ಭಾಳ ದಿನ ಆತು" ಅಂತ ಮಾಳಿಗೆಯಿಂದ ಮಾಳಿಗೆಗೆ ಮಾತಾಡಿ, ಕರೆಂಟು ಬಂದ ಕೂಡಲೇ ಇಳಿದು ಹೋಗುತ್ತಾರೆ. ಮೊದಲು ಒಬ್ಬರ ಮಾಳಿಗೆಯ ಮಾವಿನಕಾಯಿ ಇನ್ನೊಬ್ಬರ ಮಾಳಿಗೆಗೆ ಹಾರಿ ಬರುತ್ತಿತ್ತು, ಉಪ್ಪು ಖಾರದ ಪೊಟ್ಟಣ ಹಿಂದೆಯೇ ಬರುತ್ತಿತ್ತು. ಈಗ ಮೇಲೆ ಖಾಯಂ ಮಲಗುವವರು ಅಂದರೆ ನಾವು ಮತ್ತು ಮಾವ. ಅವರ ಮಾತಿಗೆ ಉತ್ತರ ಕೊಡೋಕೆ ನಾನೊಬ್ಬನೇ ಉಳಿದದ್ದು ಅಂತ ಅವರೇ ಬೇಜಾರು ಮಾಡಿಕೊಂಡು ಹೇಳಿದರು. ಉತ್ತರ ಕೊಡ್ತೀನಿ ಅಂತ ನಾನು ಯಾವತ್ತೂ ಒಪ್ಪಿರಲಿಲ್ಲ, ಅದು ಬೇರೆ ವಿಷಯ.

ಮೊನ್ನೆ ಸಂಜೆ ಸೋಪು ತರಲು ಅಂಗಡಿಗೆ ಹೋದೆ. ಮಾಸ್ತರು ಬಾಕಿ ವಸೂಲಿಗೆ ಬಂದು ಕೂತಿದ್ದರು. ಮಾವ ಬಾಕಿಯ ಮಾತು ಹಾರಿಸಿ, "ಬರೋ ವರ್ಷ ನೇಮಿಖಾನನ ಪಾರ್ಟು ನನಗೇ ಇರಲಿ, ದಿಲ್ಲಿ ಸರದಾರ, ಗಡ್ಡ ಇರ್ತದೆ, ಮೀಸಿ ಬಿದ್ದರೂ ಗೊತ್ತಾಗಂಗಿಲ್ಲ" ಅಂತಿದ್ದರು. ಅತ್ತೆ ಗಲ್ಲಾಪೆಟ್ಟಿಗೆ ಪಕ್ಕ ಕೂತು ಕಡಲೆಬೇಳೆ ಪೊಟ್ಟಣ ಕಟ್ಟುತ್ತಿದ್ದರು. ತಲೆ ಎತ್ತದೆ, ಪೊಟ್ಟಣಕ್ಕೆ ದಾರ ಸುತ್ತುತ್ತಲೇ, ನೇಮಿಖಾನನ ಮಾತು ಹೇಳಲು ಶುರು ಮಾಡಿದರು. ಅದು ಮುಗಿದ ಮೇಲೆ ಕಂಪಿಲರಾಯನದು. ಆಮೇಲೆ ಬೈಚಪ್ಪನದು, ರತ್ನಾಜಿಯ ಅಳು ಸಮೇತ. ಮಾಸ್ತರ ಬೆರಳು ತಾನಾಗಿಯೇ ಡಬ್ಬದ ಮೇಲೆ ತಾಳ ಹಾಕತೊಡಗಿತ್ತು.

"ಅಕ್ಕಾರೇ, ರತ್ನಾಜಿಗೆ ಹೊರಗಿನಿಂದ ಕಲಾವಿದೆ ಕರೆಸೋ ಖರ್ಚು ಎಷ್ಟು ಗೊತ್ತೇನ್ರಿ? ನೀವೇ ಒಪ್ಪಿದ್ರೆ..." ಅಂದರು ಮಾಸ್ತರು.

"ರತ್ನಾಜಿ ಯಾಕ್ರಿ? ಮಾತಂಗಿ ಪಾರ್ಟು ಕೊಡ್ರಿ. ಕೊನೆಗೆ ತಲಿ ತೆಗೆಯೋದು ಅಕೀನೇ ಅಲ್ವಾ?" ಅಂತ ಅತ್ತೆ ಮೊದಲ ಬಾರಿ ತಲೆ ಎತ್ತಿ ಮಾವನನ್ನು ನೋಡಿದರು. ಮಾವನ ಕೈಯಲ್ಲಿದ್ದ ನನ್ನ ಸೋಪು ಅಲ್ಲೇ ನಿಂತಿತು. ಅತ್ತೆ ಪಾರ್ಟಿನ ರೊಕ್ಕ ಎಷ್ಟು ಅಂತ ಕೇಳಿ, ಗಲ್ಲಾಪೆಟ್ಟಿಗೆ ಎಳೆದು ನೋಟು ಎಣಿಸಿ ಮಾಸ್ತರ ಕೈಗಿಟ್ಟರು.

"ಅದು ಅಂಗಡಿ ರೊಕ್ಕ! ನಾಳೆ ಎಣ್ಣಿ ಡಬ್ಬದವನಿಗೆ ಕೊಡಬೇಕು, ಬೇಳೆ ಬಾಕಿ ಹಂಗೇ ಐತೆ, ಮುಟ್ಟಿದ್ರೆ ನೋಡು!" ಅಂದರು ಮಾವ, ಒಂದೇ ಉಸಿರಿಗೆ, ಯಾರೂ ಹೇಳಿಕೊಡದೆ.