ಈಜುಕೊಳ ಇದ್ದವರಿಗೂ ಸಿಗದ ಸುಖ

ಸ್ಪೇನಿನಲ್ಲಿದ್ದೀನಿ ಅಂದ ತಕ್ಷಣ ಊರ ಕಡೆಯವರು ಕೇಳುವುದು ಎರಡೇ ವಿಷಯ. ಒಂದು ಗೂಳಿ, ಇನ್ನೊಂದು ಟೊಮೆಟೊ ಎರಚಾಟ. ಗೂಳಿ ಕಾಳಗ ನಾನು ನೋಡಿಲ್ಲ, ನೋಡುವ ಆಸೆಯೂ ಇಲ್ಲ. ಟೊಮೆಟೊ ಎರಚುವ ಬುನ್ಯೋಲ್ ಇರುವುದು ವೆಲೆನ್ಸಿಯಾ ಕಡೆ, ನಮ್ಮಿಂದ ಐನೂರು ಕಿಲೋಮೀಟರಿಗೂ ಆಚೆ. ನಾವಿರುವ ಕಡೆ ಟೊಮೆಟೊವನ್ನು ತುರಿದು, ಸುಟ್ಟ ಬ್ರೆಡ್ಡಿನ ಮೇಲೆ ಹಚ್ಚಿ, ಆಲಿವ್ ಎಣ್ಣೆ ಸುರಿದು ತಿನ್ನುತ್ತಾರೆ. ಅಷ್ಟೇ ಅದರ ಕಥೆ.

ನಾವಿರುವುದು ದಕ್ಷಿಣ ಸ್ಪೇನಿನ ಮಾಲಗಾ ನಗರದ ಪೂರ್ವಕ್ಕಿರುವ ಅಕ್ಸಾರ್ಕಿಯಾ ಎಂಬ ಗುಡ್ಡಗಾಡಿನಲ್ಲಿ. ಗಂಡನಿಗೆ ಮಾಲಗಾದಲ್ಲಿ ಕೆಲಸ. ಅಲ್ಲಿನ ಬಾಡಿಗೆ ಕೇಳಿ ತಲೆ ತಿರುಗಿ ಈ ಹಳ್ಳಿಗೆ ಬಂದೆವು. ಗುಡ್ಡದ ಮೇಲೆ ಸುಣ್ಣ ಬಳಿದ ಮನೆಗಳು, ಕಾರು ಹೋಗದ ಓಣಿಗಳು, ಒಂದು ಚರ್ಚು, ಎರಡು ಬಾರು, ಒಂದು ಬೇಕರಿ. ಬೇಸಿಗೆಯಲ್ಲಿ ಒಳನಾಡಿನಿಂದ 'ತೆರ್ರಾಲ್' ಎಂಬ ಬಿಸಿಗಾಳಿ ಬೀಸಿದರೆ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಇನ್ನೂ ಒಳಗಿನ ಕಾರ್ಡೊಬಾ ಪ್ರಾಂತ್ಯದ ಲಾ ರಾಂಬ್ಲಾದಲ್ಲಿ 2021ರ ಆಗಸ್ಟ್ 14ರಂದು 47.6 ಡಿಗ್ರಿ ದಾಖಲಾಗಿತ್ತು. ಇಂಥ ಬಿಸಿಲಲ್ಲಿ ಸುಖ ಎಲ್ಲಿಂದ ಬಂತು ಅಂತೀರಾ? ಬಿಸಿಲಿಂದಲೇ ಬಂದದ್ದು. ಇಲ್ಲಿನ ಸಣ್ಣ ಸಣ್ಣ ಸುಖಗಳೆಲ್ಲ ಸೆಕೆಗೆ ಕಂಡುಕೊಂಡ ಉಪಾಯಗಳು. ಮತ್ತೆ ಅವು ಒಬ್ಬೊಬ್ಬರೇ ಅನುಭವಿಸುವಂಥವಲ್ಲ. ಇಡೀ ಊರು ಒಟ್ಟಿಗೆ ಒಪ್ಪಿಕೊಂಡರೆ ಮಾತ್ರ ಸಿಗುತ್ತವೆ.

ಮೊದಲು ಗಡಿಯಾರದ ವಿಷಯ. 'ಸ್ಪೇನಿನವರು ಸೋಮಾರಿಗಳು, ಮಧ್ಯಾಹ್ನ ಮೂರಕ್ಕೆ ಊಟ, ರಾತ್ರಿ ಹತ್ತಕ್ಕೆ ಮತ್ತೆ ಊಟ, ನಡುವೆ ನಿದ್ದೆ' ಅಂತ ಯುರೋಪಿನ ಉಳಿದವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳುವವರು ನಕಾಶೆ ನೋಡಿಲ್ಲ. ಈ ದೇಶ ಇರುವುದು ಲಂಡನ್ ಇರುವ ರೇಖಾಂಶದ ಆಸುಪಾಸಿನಲ್ಲಿ. ಆದರೆ 1940ರಲ್ಲಿ ಸರ್ವಾಧಿಕಾರಿ ಫ್ರಾಂಕೊನ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಜರ್ಮನಿಯ ಸಮಯಕ್ಕೆ ಕೂಡಿಸಿತು. ಆಮೇಲೆ ಅದನ್ನು ವಾಪಸ್ ತಿರುಗಿಸಲೇ ಇಲ್ಲ. ಇದರ ಮೇಲೆ ಬೇಸಿಗೆಯಲ್ಲಿ ಇನ್ನೊಂದು ಗಂಟೆ ಮುಂದೆ. ಹಾಗಾಗಿ ನಮ್ಮೂರಲ್ಲಿ ಜೂನ್ ತಿಂಗಳಲ್ಲಿ ಸೂರ್ಯ ನೆತ್ತಿಗೆ ಬರುವುದು ಮಧ್ಯಾಹ್ನ ಸುಮಾರು 2.20ಕ್ಕೆ, ಮುಳುಗುವುದು ರಾತ್ರಿ 9.40ರ ಹೊತ್ತಿಗೆ. ಎರಡೂವರೆಗೆ ಊಟಕ್ಕೆ ಕೂತವನು ಸೂರ್ಯನ ಲೆಕ್ಕದಲ್ಲಿ ಸರಿಯಾಗಿ ನಡುಮಧ್ಯಾಹ್ನಕ್ಕೇ ಕೂತಿದ್ದಾನೆ. ಅವನ ಹೊಟ್ಟೆ ಸರಿಯಾಗೇ ಇದೆ, ತಪ್ಪಿರುವುದು ಗೋಡೆ ಗಡಿಯಾರ.

ಮಧ್ಯಾಹ್ನ ಎರಡಕ್ಕೆ ಅಂಗಡಿಗಳ ಬಾಗಿಲು ಬಿದ್ದರೆ ಮತ್ತೆ ತೆಗೆಯುವುದು ಸಂಜೆ ಐದೂವರೆ, ಆರಕ್ಕೆ. ಬೆಂಗಳೂರಲ್ಲಿ ರಾತ್ರಿ ಹನ್ನೊಂದಕ್ಕೂ ಹತ್ತು ನಿಮಿಷದಲ್ಲಿ ಹಾಲು ತರಿಸಿಕೊಂಡು ಅಭ್ಯಾಸವಿದ್ದ ನನಗೆ ಇದು ಮೊದಮೊದಲು ಕಿರಿಕಿರಿ ತಂದಿತ್ತು. ಈಗ ಅನಿಸುವುದು ಬೇರೆ. ಅಂಗಡಿಯವಳಿಗೂ ಮನೆ ಇದೆ, ಅವಳಿಗೂ ಸೆಕೆ ಆಗುತ್ತದೆ. ಎಲ್ಲರೂ ಮುಚ್ಚಿದ್ದಾರೆ ಅನ್ನುವ ಕಾರಣಕ್ಕೇ ಯಾರಿಗೂ ನಷ್ಟವಿಲ್ಲ. ಒಬ್ಬ ತೆರೆದು ಕೂತರೆ ಎಲ್ಲರ ನೆಮ್ಮದಿಯೂ ಹೋಯಿತು. ಆ ಹೊತ್ತಿಗೆ ಎಲ್ಲರೂ ಮಲಗಿರುತ್ತಾರೆ ಅನ್ನುವುದೂ ಸುಳ್ಳು. ಸುಮಾರು ಜನ ಕಿಟಕಿಯ ಪರ್ಸಿಯಾನಾ ಇಳಿಸಿ, ಟೀವಿ ಹಾಕಿಕೊಂಡು ಸುಮ್ನೆ ಕೂತಿರುತ್ತಾರೆ. ಪರ್ಸಿಯಾನಾ ಎಂದರೆ ಕಿಟಕಿಯ ಹೊರಗಿನಿಂದ ಇಳಿಸುವ, ಪಟ್ಟಿ ಪಟ್ಟಿ ಜೋಡಿಸಿದ ಸುರುಳಿ ಪರದೆ. ಬೆಳಿಗ್ಗೆ ಬೇಗ ಕಿಟಕಿ ತೆರೆದು ತಂಪು ಒಳಗೆ ಬಿಟ್ಟುಕೊಳ್ಳಬೇಕು, ಬಿಸಿಲು ಏರುವ ಮೊದಲು ಪರದೆ ಎಳೆದು ಮನೆ ಕತ್ತಲು ಮಾಡಬೇಕು. ದಪ್ಪ ಗೋಡೆ, ಮೇಲೆ ಬಿಳಿ ಸುಣ್ಣ. ಹೊರಗೆ 38 ಇದ್ದರೂ ಬರಿಗಾಲಲ್ಲಿ ನೆಲ ತಣ್ಣಗೆ ತಾಗುತ್ತದೆ. ಸಾಂಪ್ರದಾಯಿಕವಾಗಿ ಸುಣ್ಣ ಸುಡುವ ಕೆಲಸವನ್ನು ಸೆವಿಯಾ ಪ್ರಾಂತ್ಯದ ಮೊರೋನ್ ಊರಿನವರು ಉಳಿಸಿಕೊಂಡ ರೀತಿಯನ್ನು ಯುನೆಸ್ಕೋ 2011ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ನಮ್ಮ ಓಣಿಯಲ್ಲಿ ಮಾತ್ರ ಈಗೀಗ ಸುಣ್ಣಕ್ಕಿಂತ ಬಕೆಟ್ಟಿನ ಬಿಳಿ ಪೇಂಟೇ ಜಾಸ್ತಿ.

ನೀರಿನ ಹೂಜಿಯ ಬಗ್ಗೆ ಹೇಳಲೇಬೇಕು. ಇಲ್ಲಿ ಅದಕ್ಕೆ ಬೊತಿಹೊ ಅನ್ನುತ್ತಾರೆ. ಮೇಲೆ ಒಂದು ಹಿಡಿ, ತುಂಬಲು ಒಂದು ದೊಡ್ಡ ಬಾಯಿ, ಕುಡಿಯಲು ಒಂದು ಸಣ್ಣ ಮೂತಿ. ಮೆರುಗು ಹಚ್ಚದ ಮಣ್ಣಾದ್ದರಿಂದ ನೀರು ಸಣ್ಣಗೆ ಹೊರಗೆ ಒಸರುತ್ತದೆ. ಅದು ಆರುವಾಗ ಒಳಗಿನ ನೀರಿನ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಗಾಳಿ ಒಣಗಿದಷ್ಟೂ ನೀರು ತಂಪು. ಮ್ಯಾಡ್ರಿಡಿನ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದ ಇಬ್ಬರು ಪ್ರಾಧ್ಯಾಪಕರು 1995ರಲ್ಲಿ ಇದಕ್ಕೆ ಸಮೀಕರಣ ಬರೆದು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ಇದನ್ನು ಬಾಯಿಗೆ ಕಚ್ಚಿ ಕುಡಿಯುವಂತಿಲ್ಲ. ಮೇಲೆತ್ತಿ ಧಾರೆಯಾಗಿ ಬಾಯಿಗೆ ಬಿಟ್ಟುಕೊಳ್ಳಬೇಕು. ಇಂಗ್ಲೆಂಡಿನಿಂದ ಬಂದು ಇಲ್ಲಿ ನೆಲೆಸಿದವರು ಇದನ್ನು ಮಾಡಲು ಹೋಗಿ ಅಂಗಿಯೆಲ್ಲ ಒದ್ದೆ ಮಾಡಿಕೊಳ್ಳುತ್ತಾರೆ. ನಾನು ಬಾರಿನಲ್ಲಿ ಎಲ್ಲರೆದುರಿಗೆ ಹೂಜಿ ಎತ್ತಿ, ಒಂದು ಹನಿಯೂ ಬೀಳದ ಹಾಗೆ ಕುಡಿದಾಗ ಮೂಲೆಯಲ್ಲಿ ಡಾಮಿನೊ ಆಡುತ್ತಿದ್ದ ಮುದುಕರು ಆಟ ನಿಲ್ಲಿಸಿ ನೋಡಿದರು. ಎಂಜಲು ಮಾಡದೆ ನೀರು ಕುಡಿ ಅಂತ ಚಿಕ್ಕಂದಿನಲ್ಲಿ ಬೈಸಿಕೊಂಡದ್ದು ಇಲ್ಲಿ ಉಪಯೋಗಕ್ಕೆ ಬಂತು. ಊರಲ್ಲಿ ನನಗೆ ಮರ್ಯಾದೆ ಶುರುವಾದದ್ದೇ ಅವತ್ತಿನಿಂದ.

ತಿನ್ನುವುದರಲ್ಲಿ ಸಸ್ಯಾಹಾರಿಗಳಿಗೆ ಕಷ್ಟ ಇದೆ. ಇಲ್ಲಿ 'ತರಕಾರಿ ಸ್ಯಾಂಡ್‌ವಿಚ್' ಅಂತ ಕೊಡುವುದರಲ್ಲೂ ಟ್ಯೂನಾ ಮೀನು ಇರುತ್ತದೆ, ಕೇಳಿಯೇ ತಿನ್ನಿ. ಆದರೆ ಬೇಸಿಗೆ ಬಂದರೆ ನನಗೆ ಹಬ್ಬ. ಅಹೊಬ್ಲಾಂಕೊ ಅಂತ ಒಂದು ಬಿಳಿ ಸೂಪು. ಸಿಪ್ಪೆ ತೆಗೆದ ಹಸಿ ಬಾದಾಮಿ, ನೆನೆಸಿದ ಹಳೇ ಬ್ರೆಡ್ಡು, ಬೆಳ್ಳುಳ್ಳಿ, ಆಲಿವ್ ಎಣ್ಣೆ, ವಿನೆಗರ್, ಉಪ್ಪು, ತಣ್ಣೀರು. ಎಲ್ಲ ರುಬ್ಬಿದರೆ ಮುಗಿಯಿತು, ಒಲೆ ಹಚ್ಚುವ ಮಾತೇ ಇಲ್ಲ. ಮೇಲೆ ನಾಲ್ಕು ದ್ರಾಕ್ಷಿ. ಮೊದಲ ಚಮಚ ವಿಚಿತ್ರ ಅನಿಸುತ್ತದೆ, ಎರಡನೇ ಬಟ್ಟಲಿಗೆ ನೀವೇ ಕೈ ಚಾಚುತ್ತೀರಿ. ಇಲ್ಲೇ ಹತ್ತಿರದ ಅಲ್ಮಾಚಾರ್ ಎಂಬ ಹಳ್ಳಿಯಲ್ಲಿ ಸೆಪ್ಟೆಂಬರಿನಲ್ಲಿ ಇದಕ್ಕೇ ಒಂದು ಜಾತ್ರೆ ಮಾಡುತ್ತಾರೆ.

ಇನ್ನು ಬದನೆಕಾಯಿ. ತೆಳ್ಳಗೆ ಹೆಚ್ಚಿ, ಹಿಟ್ಟು ಹೊರಳಿಸಿ, ಎಣ್ಣೆಯಲ್ಲಿ ಕರಿದು, ಮೇಲೆ ಕಪ್ಪನೆಯ ಪಾಕ ಸುರಿದು ಕೊಡುತ್ತಾರೆ. ಆ ಪಾಕಕ್ಕೆ ಇವರು ಕಬ್ಬಿನ ಜೇನು ಅನ್ನುತ್ತಾರೆ. ನಾನು ಶಿರಸಿ ಕಡೆಯವಳು, ನಾಲಿಗೆಗೆ ತಾಗಿದ ಕೂಡಲೇ ಗೊತ್ತಾಯಿತು, ಇದು ಜೋನಿ ಬೆಲ್ಲ! ಕಬ್ಬಿನ ಹಾಲು ಕುದಿಸಿ ಕುದಿಸಿ ಇಳಿಸಿದ್ದು. ಫ್ರಿಹಿಲಿಯಾನಾ ಎಂಬ ಚಂದದ ಊರಿನಲ್ಲಿ ಇದರ ಹಳೇ ಗಾಣ ಇದೆ, ಈಗಲೂ ನಡೆಯುತ್ತಿದೆ. ಒಂದು ಕಾಲದಲ್ಲಿ ಈ ಕರಾವಳಿಯುದ್ದಕ್ಕೂ ಕಬ್ಬು ಬೆಳೆಯುತ್ತಿದ್ದರು. ಅರಬರ ಕಾಲದಲ್ಲಿ ಬಂದ ಬೆಳೆ ಅದು. ಕೊನೆಯ ಸಕ್ಕರೆ ಕಾರ್ಖಾನೆ 2006ರಲ್ಲಿ ಬಾಗಿಲು ಹಾಕಿತು. ಬಾಟಲಿ ಮನೆಗೆ ತಂದು ದೋಸೆಗೆ ಹಾಕಿಕೊಂಡು ತಿಂದೆ. ಪಕ್ಕದ ಮನೆ ಅಜ್ಜಿಗೂ ಒಂದು ದೋಸೆ ಕೊಟ್ಟೆ. ಅವರು ಅದರ ಮೇಲೆ ಆಲಿವ್ ಎಣ್ಣೆಯನ್ನೂ ಸುರಿದುಕೊಂಡರು. ಇರಲಿ, ಅವರಿಷ್ಟ.

ಕಾಫಿ ಬಗ್ಗೆ ಎರಡೇ ಮಾತು. ಮಾಲಗಾ ಕಡೆ ಹಾಲು ಎಷ್ಟು, ಡಿಕಾಕ್ಷನ್ ಎಷ್ಟು ಅನ್ನುವುದಕ್ಕೆ ಒಂದೊಂದು ಅಳತೆಗೂ ಒಂದೊಂದು ಹೆಸರಿದೆ. ಅರ್ಧಕ್ಕರ್ಧ ಆದರೆ 'ಮಿತಾದ್', ಹಾಲು ಜಾಸ್ತಿ ಆದರೆ 'ಸೋಂಬ್ರಾ', ಕಾಫಿ ಹೆಸರಿಗಷ್ಟೇ ಇದ್ದರೆ 'ನುಬೆ'. ಬೈಟೂ ಕಾಫಿಗೆ ಮಾತ್ರ ಹೆಸರಿಲ್ಲ, ಅದೊಂದು ಕೊರತೆ.

ಬೇಕರಿಯ ಕ್ಯೂ ನನಗೆ ಬಹಳ ಇಷ್ಟ. ಕ್ಯೂ ಇರುವುದೇ ಇಲ್ಲ. ಒಳಗೆ ಹೋದವರು 'ಕೊನೆಯವರು ಯಾರು?' ಅಂತ ಕೇಳುತ್ತಾರೆ. ಯಾರೋ ಒಬ್ಬರು ಕೈ ಎತ್ತುತ್ತಾರೆ. ಅವರ ಹಿಂದೆ ನಾವು ಅಂತ ನೆನಪಿಟ್ಟುಕೊಂಡರೆ ಆಯಿತು. ಆಮೇಲೆ ಗೋಡೆಗೆ ಒರಗಿ ನಿಲ್ಲಿ, ಹೊರಗೆ ನೆರಳಲ್ಲಿ ಕೂರಿ, ಹರಟೆ ಹೊಡೆಯಿರಿ. ನಿಮ್ಮ ಸರದಿ ಎಲ್ಲೂ ಹೋಗುವುದಿಲ್ಲ. ಮಧ್ಯೆ ನುಗ್ಗಿದರೆ ಏನಾಗುತ್ತದೆ ಅಂತ ಕೇಳಬೇಡಿ. ಒಬ್ಬ ಪ್ರವಾಸಿ ನುಗ್ಗಿದ್ದನ್ನು ನೋಡಿದ್ದೇನೆ. ಐದು ಜನ ಅಜ್ಜಿಯರು ಒಟ್ಟಿಗೆ ಬಾಯಿ ಬಿಟ್ಟರೆ ಹೇಗಿರುತ್ತದೆ ಅಂತ ಅವನಿಗೆ ಗೊತ್ತಾಯಿತು.

ಇಷ್ಟೆಲ್ಲ ಆದ ಮೇಲೆ ರಾತ್ರಿ ಒಂಬತ್ತೂವರೆಗೆ ಕುರ್ಚಿಗಳು ಹೊರಗೆ ಬರುತ್ತವೆ. ಹಳೇ ಮನೆಗಳಿಂದ ಹುಲ್ಲು ಹೆಣೆದ ಮರದ ಕುರ್ಚಿ, ಉಳಿದವರದ್ದು ಪ್ಲಾಸ್ಟಿಕ್. ಬಾಗಿಲ ಮುಂದೆ, ಓಣಿಯ ಮಧ್ಯದಲ್ಲೇ ಹಾಕಿಕೊಂಡು ಕೂರುತ್ತಾರೆ. ಹೆಂಗಸರು ಮನೆಯಲ್ಲಿ ತೊಡುವ ಸಡಿಲ ಉಡುಪಿನಲ್ಲೇ, ಕೈಯಲ್ಲಿ ಬೀಸಣಿಗೆ. 'ಬಾ ಮಗಳೇ, ಕೂತ್ಕೋ' ಅಂತ ಅಜ್ಜಿ ಕುರ್ಚಿ ಎಳೆದು ಕೊಡುತ್ತಾರೆ. ಮಾತು ಏನು? ಯಾರ ಮೊಣಕಾಲು ನೋವು, ಯಾರ ಮಗ ಬಾರ್ಸಿಲೋನಾದಿಂದ ಬಂದ, ಆಲಿವ್ ಎಣ್ಣೆಯ ರೇಟು. 2024ರ ಆರಂಭದಲ್ಲಿ ಎಣ್ಣೆ ಲೀಟರಿಗೆ 9-10 ಯೂರೋ ಆಗಿದ್ದನ್ನು ಇವರು ಇನ್ನೂ ಮರೆತಿಲ್ಲ, ಮನೆಯವರೇ ಯಾರೋ ಮೋಸ ಮಾಡಿದ ಹಾಗೆ ಮಾತಾಡುತ್ತಾರೆ. ಮಕ್ಕಳು ಹನ್ನೆರಡರವರೆಗೂ ಓಣಿಯಲ್ಲಿ ಓಡುತ್ತಿರುತ್ತವೆ. ಮಗು ಯಾರದ್ದಾದರೂ ಸರಿ, ಬಿದ್ದರೆ ಹತ್ತಿರ ಕೂತವರು ಎತ್ತುತ್ತಾರೆ.

ಕಾದಿಸ್ ಪ್ರಾಂತ್ಯದಲ್ಲಿ ಅಲ್ಗಾರ್ ಅಂತ ಒಂದು ಹಳ್ಳಿ, ಸುಮಾರು 1,400 ಜನ. ಹೀಗೆ ಸಂಜೆ ಹೊರಗೆ ಕೂತು ಮಾತಾಡುವ ರೂಢಿಗೆ ಯುನೆಸ್ಕೋ ಮಾನ್ಯತೆ ಕೊಡಬೇಕು ಅಂತ ಅಲ್ಲಿನ ಮೇಯರ್ 2021ರಲ್ಲಿ ಕೇಳಿದರು. ಫೋನು, ಟೀವಿ ಬಂದ ಮೇಲೆ ಜನ ಒಳಗೇ ಉಳಿಯುತ್ತಿದ್ದಾರೆ ಅನ್ನುವ ಚಿಂತೆ ಅವರದ್ದು. ಕುರ್ಚಿ ಹಾಕಿ ಕೂರುವುದಕ್ಕೂ ಸರ್ಟಿಫಿಕೇಟಾ ಅಂತ ನಕ್ಕವರಿದ್ದಾರೆ. ನನಗೆ ನಗು ಬರಲಿಲ್ಲ. ಆದರೆ ಸರ್ಟಿಫಿಕೇಟಿನಿಂದ ಕೆಲಸ ಆಗುತ್ತದೆ ಅನ್ನುವ ನಂಬಿಕೆಯೂ ಇಲ್ಲ. ಕುರ್ಚಿಯಲ್ಲಿ ಕೂರುವ ಜನ ಬೇಕಲ್ವಾ?

ಅಸಲಿ ತೊಂದರೆ ಇರುವುದು ಅಲ್ಲಿ. ನಮ್ಮ ಓಣಿಯಲ್ಲಿ ಕೂರುವವರಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದವರು. ಹುಡುಗರಿಗೆ ಇಲ್ಲಿ ಕೆಲಸ ಕಡಿಮೆ, ಮಾಲಗಾಕ್ಕೋ ಮ್ಯಾಡ್ರಿಡಿಗೋ ಹೋಗುತ್ತಾರೆ. ಖಾಲಿಯಾದ ಮನೆಯನ್ನು ಯಾರೋ ಕೊಂಡು, ಬಿಳಿ ಬಳಿದು, ಬಾಗಿಲಿಗೆ ನಂಬರ್ ಒತ್ತುವ ಬೀಗ ಹಾಕಿ ವಾರದ ಬಾಡಿಗೆಗೆ ಬಿಡುತ್ತಾರೆ. ಆ ಬಾಗಿಲ ಮುಂದೆ ಕುರ್ಚಿ ಬರುವುದಿಲ್ಲ. ಗುಡ್ಡದ ಮೇಲಿನ ತೋಟದ ಮನೆಗಳದ್ದು ಇನ್ನೊಂದು ಕಥೆ. ಉತ್ತರ ಯುರೋಪಿನಿಂದ ಬಂದು ಈಜುಕೊಳ, ಏಸಿ, ಎತ್ತರದ ಬೇಲಿ ಮಾಡಿಸಿಕೊಂಡಿದ್ದಾರೆ. ಒಳ್ಳೆಯ ಜನ, ನನಗೆ ಸ್ನೇಹಿತರೂ ಇದ್ದಾರೆ. 'ಇಲ್ಲಿ ಸಂಜೆ ಬಹಳ ಬೇಜಾರು' ಅಂತ ಅವರಲ್ಲೊಬ್ಬರು ಹೇಳಿದಾಗ ಏನು ಹೇಳಬೇಕೋ ತಿಳಿಯಲಿಲ್ಲ. ಅವರು ಬಿಸಿಲನ್ನು ದುಡ್ಡು ಕೊಟ್ಟು ಕೊಂಡಿದ್ದಾರೆ, ಬಿಸಿಲಿಗಾಗಿ ಊರು ಮಾಡಿಕೊಂಡ ಏರ್ಪಾಡಿನಿಂದ ಹೊರಗುಳಿದಿದ್ದಾರೆ. ಬೇಲಿಯ ಒಳಗೆ ತಂಪು ಸಿಗುತ್ತದೆ, ಕುರ್ಚಿ ಎಳೆದು ಕೊಡುವವರು ಸಿಗುವುದಿಲ್ಲ.

ಊರಿನವರದ್ದೂ ತಪ್ಪಿಲ್ಲ ಅಂತಲ್ಲ. ಹಿಂದೆ ಈ ಗುಡ್ಡಗಳಲ್ಲಿ ಒಣದ್ರಾಕ್ಷಿಯೇ ಬದುಕು. ಬಿಸಿಲಿಗೆ ಮುಖ ಮಾಡಿದ ಇಳಿಜಾರಿನಲ್ಲಿ ದ್ರಾಕ್ಷಿ ಗೊಂಚಲು ಹರಡಿ, ದಿನಾ ಮಗುಚಿ, ರಾತ್ರಿ ಇಬ್ಬನಿ ಬೀಳದ ಹಾಗೆ ಹೊದಿಸಿ ಒಣಗಿಸುತ್ತಿದ್ದರು. ಈಗಲೂ ಕೆಲವರು ಮಾಡುತ್ತಾರೆ, ಕತ್ತರಿಯಲ್ಲಿ ಒಂದೊಂದೇ ದ್ರಾಕ್ಷಿ ಬಿಡಿಸುತ್ತಾ ಕೂರುತ್ತಾರೆ. ಆದರೆ ದುಡ್ಡು ಇರುವುದು ಮಾವು ಮತ್ತು ಬೆಣ್ಣೆಹಣ್ಣಿನಲ್ಲಿ. ಹೌದು, ಯುರೋಪಿನಲ್ಲಿ ಮಾವಿನ ತೋಪು! ಅವಕ್ಕೆ ನೀರು ಬೇಕು. 2024ರ ಆರಂಭದಲ್ಲಿ ಇಲ್ಲಿನ ದೊಡ್ಡ ಜಲಾಶಯ ಲಾ ವಿನ್ಯುಯೆಲಾದಲ್ಲಿ ಶೇ 10ರಷ್ಟೂ ನೀರಿರಲಿಲ್ಲ. ಒಣಗಿದ ತೋಟಗಳನ್ನು ಕಡಿದು ಹಾಕಿದರು. ಬಿಸಿಲಿನ ಜೊತೆ ಹೊಂದಿಕೊಂಡು ಬದುಕುವ ಬುದ್ಧಿ ಇದ್ದವರೂ ಲಾಭ ಕಂಡರೆ ಲೆಕ್ಕ ತಪ್ಪುತ್ತಾರೆ.

ನಾನೂ ಆ ಮಾವು ತಿನ್ನುತ್ತೇನೆ, ಸುಳ್ಳು ಹೇಳಲ್ಲ. ಆಸ್ಟೀನ್ ಅಂತ ತಳಿ, ದೊಡ್ಡದು, ನೇರಳೆ ಬಣ್ಣ, ನಾರಿಲ್ಲ. ರುಚಿ ಸುಮಾರು. ಆಪೂಸ್ ತಿಂದವರು ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ.

ಯಾರಾದರೂ ಬರುವವರಿದ್ದರೆ ಜುಲೈ, ಆಗಸ್ಟ್ ಬೇಡ, ಸೆಪ್ಟೆಂಬರಿಗೆ ಬನ್ನಿ. ಮಾವೂ ಇರುತ್ತದೆ, ಒಣದ್ರಾಕ್ಷಿಯೂ ಇರುತ್ತದೆ. ಹಗಲು ಸುತ್ತಾಡಬಹುದು, ಸಂಜೆ ಓಣಿಯಲ್ಲಿ ಕುರ್ಚಿಗಳೂ ಇರುತ್ತವೆ. ಸ್ಪ್ಯಾನಿಶ್ ಬರದಿದ್ದರೆ ಚಿಂತೆಯಿಲ್ಲ, ಅಜ್ಜಿಗೆ ಕನ್ನಡ ಬರುವುದಿಲ್ಲ, ಆದರೂ ನಮ್ಮಮ್ಮ ಬಂದಾಗ ಇಬ್ಬರೂ ರಾತ್ರಿ ಹನ್ನೊಂದರವರೆಗೆ ಮಾತಾಡಿದರು. ಬರುವಾಗ ಎರಡು ಕೇಜಿ ದೋಸೆ ಅಕ್ಕಿ ತನ್ನಿ, ಮಧ್ಯಾಹ್ನ ಎರಡರ ಒಳಗೆ ತಲುಪಿ. ಆಮೇಲೆ ಬಂದರೆ ಬೇಕರಿ ಮುಚ್ಚಿರುತ್ತದೆ, ಸಂಜೆಯವರೆಗೆ ಬ್ರೆಡ್ಡಿಲ್ಲ.