ಗಾಟಿ-ವಾರ್ಡ್ ಒಂಬತ್ತನೇ ರೌಂಡು, ಮತ್ತೆ ಅಲಿ ಬಗ್ಗೆ ನನ್ನದೊಂದು ತಕರಾರು

ಸ್ಪೋರ್ಟ್ಸ್‌ಮನ್‌ಶಿಪ್ ಅಂದ್ರೆ ಫೈಟ್ ಮುಗಿದ್ಮೇಲೆ ಕ್ಯಾಮೆರಾ ಮುಂದೆ ಕೈ ಕುಲುಕೋದು ಅಂದ್ಕೊಂಡಿರೋರು ಯೂಟ್ಯೂಬಲ್ಲಿ ಗಾಟಿ-ವಾರ್ಡ್ ಮೊದಲನೇ ಬಾಕ್ಸಿಂಗ್ ಫೈಟ್ ಹುಡುಕಿ, ಬರೀ ಒಂಬತ್ತನೇ ರೌಂಡ್ ನೋಡಿ ಸಾಕು. 2002ರ ಮೇ 18, ಅಮೆರಿಕದ ಕನೆಕ್ಟಿಕಟ್. ವರ್ಲ್ಡ್ ಟೈಟಲ್ ಗಿಟಲ್ ಏನೂ ಇರ್ಲಿಲ್ಲ. ಮಿಕ್ಕಿ ವಾರ್ಡ್ ಅನ್ನೋನು ರಸ್ತೆಗೆ ಟಾರ್ ಹಾಕೋ ಕೆಲಸ ಮಾಡ್ಕೊಂಡು ಮೇಲೆ ಬಂದ ಬಾಕ್ಸರ್. ರೌಂಡ್ ಶುರುವಾಗಿ ಕೆಲವೇ ಸೆಕೆಂಡಿಗೆ ಅವನ ಲೆಫ್ಟ್ ಹುಕ್, ಅಂದ್ರೆ ಎಡಗೈ ಬೀಸುಗುದ್ದು, ಎದುರಾಳಿ ಅರ್ಟುರೊ ಗಾಟಿ ಪಕ್ಕೆಗೆ ಬಿತ್ತು, ಲಿವರ್ ಇರೋ ಜಾಗಕ್ಕೇ. ಅಲ್ಲಿ ಬಿದ್ರೆ ತಲೆ ನೆಟ್ಟಗೇ ಇರುತ್ತೆ, ಮೈ ಮಾತ್ರ ಮಾತು ಕೇಳಲ್ಲ. ಗಾಟಿ ಮುಖ ಕಿವುಚ್ಕೊಂಡು ಮಂಡಿಯೂರಿದ, ರೆಫರಿ ಎಣಿಸ್ತಾ ಇನ್ನೇನು ಹತ್ತು ಅನ್ನೋಷ್ಟರಲ್ಲಿ ಎದ್ದ. ಎದ್ದವನ ಮೇಲೆ ವಾರ್ಡ್ ಕನಿಕರ ತೋರಿಸ್ತಾನಾ, ಎಲ್ಲಿಂದ, ಹಿಡ್ಕೊಂಡು ಚಚ್ಚಿದ, ರೆಫರಿ ಈಗ ನಿಲ್ಲಿಸ್ತಾನೆ ಅನ್ನೋವಾಗ ಗಾಟಿ ಎಲ್ಲಿಂದಲೋ ಜೀವ ತಂದ್ಕೊಂಡು ತಿರುಗಿ ಬಾರಿಸೋಕೆ ಶುರು ಮಾಡಿದ, ಆಮೇಲೆ ಮತ್ತೆ ವಾರ್ಡ್ ಸರದಿ. ಮೂರೇ ನಿಮಿಷದಲ್ಲಿ ಇಷ್ಟೆಲ್ಲ!

ಅವತ್ತು ವಾರ್ಡ್ ಕೂದಲೆಳೆಯಲ್ಲಿ ಗೆದ್ದ. ಅದೇ ನವೆಂಬರಲ್ಲಿ ಗಾಟಿ ಗೆದ್ದ. 2003ರ ಮೂರನೇ ಫೈಟಲ್ಲಂತೂ ಗಾಟಿ ಬಲಗೈ ವಾರ್ಡ್ ಸೊಂಟದ ಮೂಳೆಗೆ ಬಡಿದು ಮುರಿದೇ ಹೋಯ್ತು, ಆ ಕೈಲೇ ಹತ್ತು ರೌಂಡ್ ಮುಗಿಸಿ ಗೆದ್ದ. ನನ್ನ ಅವಳಿ ಜೊತೆ ಹೊಡೆದಾಡಿದ್ರೆ ಹೇಗಿರುತ್ತೆ ಅಂತ ಯೋಚಿಸ್ತಿದ್ದೆ, ಈಗ ಗೊತ್ತಾಯ್ತು ಅಂದ ಪುಣ್ಯಾತ್ಮ. 2007ರಲ್ಲಿ ಗಾಟಿ ಕೊನೇ ಫೈಟ್ ಆಡಿದಾಗ ಅವನ ಕಾರ್ನರಲ್ಲಿ ಟ್ರೈನರ್ ಆಗಿ ನಿಂತಿದ್ದು ಯಾರು? ಇದೇ ವಾರ್ಡ್!

ಇವರಲ್ಲಿ ಒಬ್ಬ ಏಟಲ್ಲಿ ಒಂಚೂರು ಕಮ್ಮಿ ಮಾಡಿದ್ರೂ ಈ ಸ್ನೇಹ ಹುಟ್ತಾ ಇರ್ಲಿಲ್ಲ ಅನ್ನೋದು ನನ್ನ ವಾದ. ಇನ್ನೊಬ್ಬನ ತಾಕತ್ತು ಎಷ್ಟು ಅಂತ ಇವರಿಗೆ ಗೊತ್ತಿರೋಷ್ಟು ಅವರವರ ಮನೆಯವರಿಗೂ ಗೊತ್ತಿರ್ಲಿಕ್ಕಿಲ್ಲ.

ಬಾಕ್ಸರ್ ಮುಹಮ್ಮದ್ ಅಲಿ ವಿಷಯದಲ್ಲಿ ನನಗೆ ತಕರಾರಿರೋದು ಇಲ್ಲೇ. ರಿಂಗ್ ಒಳಗಿನ ಅಲಿ ಬಗ್ಗೆ ಅಲ್ಲ, ಹೊರಗಿನ ಬಾಯಿ ಬಗ್ಗೆ. 1967ರಲ್ಲಿ ಸೈನ್ಯಕ್ಕೆ ಸೇರಲ್ಲ ಅಂದಿದ್ದಕ್ಕೆ ಅಲಿಯ ಬಾಕ್ಸಿಂಗ್ ಲೈಸೆನ್ಸ್ ಕಿತ್ಕೊಂಡ್ರಲ್ಲ, ಆ ಕಷ್ಟಕಾಲದಲ್ಲಿ ದುಡ್ಡು ಕೊಟ್ಟು, ಲೈಸೆನ್ಸ್ ವಾಪಸ್ ಕೊಡಿ ಅಂತ ಅವನ ಪರ ಮಾತಾಡಿದೋನು ಇನ್ನೊಬ್ಬ ಬಾಕ್ಸರ್ ಜೋ ಫ್ರೇಜಿಯರ್. ಅಂಥವನನ್ನ ಅಲಿ ಬಿಳಿಯರ ಗುಲಾಮ ಅಂದ, ಇಬ್ಬರೂ ಆಡಿದ ಮನಿಲಾ ಫೈಟ್‌ಗೆ ಮುಂಚೆ ಪ್ರೆಸ್ ಮುಂದೆ ಪುಟಾಣಿ ರಬ್ಬರ್ ಗೊರಿಲ್ಲಾ ಹಿಡ್ಕೊಂಡು ಇವನೇ ಫ್ರೇಜಿಯರ್ ಅಂತ ಗುದ್ದಿ ತೋರಿಸ್ದ. ಟಿಕೆಟ್ ಮಾರೋಕೆ ಮಾಡಿದ್ದು ಅಂತೀರಾ, ಮೈಯಲ್ಲಿ ಅಷ್ಟು ವಿದ್ಯೆ ಇಟ್ಕೊಂಡವನಿಗೆ ಇದು ಬೇಕಿತ್ತಾ?

ಆ ಮನಿಲಾ ಫೈಟಲ್ಲಿ, 1975ರ ಅಕ್ಟೋಬರ್ 1ರಂದು, 14 ರೌಂಡ್ ಆದ್ಮೇಲೆ ಫ್ರೇಜಿಯರ್ ಕಣ್ಣು ಮುಚ್ಚೋಗಿದೆ, ಹುಡುಗ ಸತ್ತೋಗ್ತಾನೆ ಅಂತ ಅವನ ಟ್ರೈನರ್ ಎಡ್ಡಿ ಫಚ್ ಫೈಟ್ ನಿಲ್ಲಿಸಿಬಿಟ್ಟ, ಫ್ರೇಜಿಯರ್ ಬೇಡ ಬೇಡ ಅಂತಿದ್ರೂ. ತನ್ನ ಹುಡುಗನ ಜೀವ ಉಳಿದ್ರೆ ಸಾಕು ಅಂತ ಗೆಲುವು ಬಿಟ್ಕೊಟ್ಟ ಆ ಫಚ್ ನನಗೆ ಅವತ್ತಿನ ದೊಡ್ಡ ಮನುಷ್ಯ. ಅಲಿನೂ ಸಾವಿನ ಹತ್ರ ಹೋಗಿ ಬಂದಂಗಾಯ್ತು ಅಂದ. ಆದ್ರೆ ಬಿದ್ದ ಏಟನ್ನ ಫ್ರೇಜಿಯರ್ ಸಹಿಸ್ಕೊಂಡ, ಆ ಮಾತುಗಳನ್ನ ದಶಕಗಟ್ಲೆ ಮರೀಲಿಲ್ಲ. 2001ರಲ್ಲಿ ಅಲಿ ನ್ಯೂಯಾರ್ಕ್ ಟೈಮ್ಸ್‌ಗೆ ಹೇಳಿ ಕ್ಷಮೆ ಕೇಳಿದಾಗಲೂ, ಪೇಪರ್‌ನೋರ ಹತ್ರ ಕೇಳಿದ್ದಾನೆ, ನನ್ನ ಹತ್ರ ಅಲ್ವಲ್ಲ ಅನ್ನೋದು ಅವನ ಕೊರಗು.

ಅಲಿ ಫ್ಯಾನ್ಸ್ ಕಾಮೆಂಟಿಗೆ ಬರ್ತೀರಾ ಗೊತ್ತು, ಬನ್ನಿ. ನಾನೂ ಅಲಿ ಫ್ಯಾನೇ ಕಣ್ರೀ, ಇದೊಂದರಲ್ಲಿ ಮಾತ್ರ ಫ್ರೇಜಿಯರ್ ಕಡೆ.